‘ನೃಪತುಂಗದೇವಾನುಮತ’: ವಿದ್ಯಾರ್ಥಿಗಳ ಸಂಪ್ರಬಂಧಕ್ಕೊಂದು ಪಾಠ

ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರತಿವರ್ಷ ಒಪ್ಪಿಸುವ ಸಂಪ್ರಬಂಧಗಳಲ್ಲಿ ಎರಡು ವಾಕ್ಯಗಳು ತಪ್ಪದೆ ನಮ್ಮ ಕಣ್ಣಿಗೆ ಬೀಳುತ್ತವೆ. ‘ಕವಿರಾಜಮಾರ್ಗವನ್ನು ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನು ರಚಿಸಿದನು’ ಎಂಬುದು ಒಂದು. ‘ಕವಿರಾಜಮಾರ್ಗವನ್ನು ಶ್ರೀವಿಜಯನು ರಚಿಸಿದನು’ ಎಂಬುದು ಇನ್ನೊಂದು. ಎರಡರ ಕೆಳಗೂ ಯಾವುದೋ ಸಾಹಿತ್ಯಚರಿತ್ರೆಯ ಪುಟಸಂಖ್ಯೆಯನ್ನು ಹೊತ್ತ ಅಡಿಟಿಪ್ಪಣಿಯಿರುತ್ತದೆ. ಇವುಗಳಲ್ಲಿ ಸರಿ ಯಾವುದು, ತಪ್ಪು ಯಾವುದು ಎಂಬುದು ನಮ್ಮ ಮೊದಲ ಆಕ್ಷೇಪಣೆಯಲ್ಲ. ಬರೆದವರು ಆ ನಿರ್ಣಯಕ್ಕೆ ಯಾವ ದಾರಿಯಿಂದ ಬಂದರೆಂಬುದು ಓದುಗನಿಗೆ ತಿಳಿಯುವುದಿಲ್ಲ. ವಿಚಾರಿಸಿದರೆ ಬಹಳ ಸಲ ಬರೆದವರಿಗೂ ತಿಳಿದಿರುವುದಿಲ್ಲ. ಸಂಪ್ರಬಂಧ ರಚನೆಯ ನಿಯಮಗಳನ್ನು ಒಪ್ಪಿಸುವುದಕ್ಕಿಂತ, ಇದೊಂದು ಪ್ರಶ್ನೆ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ನಡೆದು ಬಂದ ಬಗೆಯನ್ನು ಪರಿಶೀಲಿಸುವುದು ಹೆಚ್ಚು ಪ್ರಯೋಜನಕರವೆಂದು ನಾವು ಭಾವಿಸುತ್ತೇವೆ.

ಕವಿರಾಜಮಾರ್ಗವು ಮೊದಲು ಅಚ್ಚಾದದ್ದು ೧೮೯೮ರಲ್ಲಿ. ಬಿ.ಎಲ್. ರೈಸ್ ಅವರು ಆರಂಭಿಸಿದ ಬಿಬ್ಲಿಯೋಥೆಕಾ ಕರ್ನಾಟಿಕಾ ಮಾಲೆಯಲ್ಲಿ ಅದನ್ನು ಸಂಪಾದಿಸಿಕೊಟ್ಟವರು ಪುಣೆಯ ಡೆಕ್ಕನ್ ಕಾಲೇಜಿನ ಸಂಸ್ಕೃತ ವಿದ್ವಾಂಸರಾದ ಕೆ.ಬಿ. ಪಾಠಕರು. ಕನ್ನಡದಲ್ಲಿ ನಮಗೆ ದೊರೆತಿರುವ ಗ್ರಂಥಗಳಲ್ಲಿ ಅತ್ಯಂತ ಪ್ರಾಚೀನವಾದುದು ಬೆಳಕು ಕಂಡದ್ದು ಹೊರನಾಡಿನಲ್ಲಿ ನೆಲೆಸಿದ್ದ ವಿದ್ವಾಂಸರೊಬ್ಬರ ಪರಿಶ್ರಮದಿಂದ ಎಂಬುದನ್ನು ಈ ಪತ್ರಿಕೆಯ ಓದುಗರು ಗಮನಿಸಬೇಕು. ಆ ಆವೃತ್ತಿಯ ಮುಖಪುಟದಲ್ಲಿಯೇ ಗ್ರಂಥವು ನೃಪತುಂಗನದೆಂದು ಅಚ್ಚಾಯಿತು. ಅಲ್ಲಿಂದ ಮುಂದೆ ಆ ಮುಖಪುಟವನ್ನೇ ಪ್ರಮಾಣವಾಗಿ ಸ್ವೀಕರಿಸಿದವರು ಅನೇಕರು.

ಗ್ರಂಥದ ಒಳಗೆ ಇರುವುದಾದರೂ ಏನು? ಮೂರು ಪರಿಚ್ಛೇದಗಳ ಈ ಕೃತಿಯ ಪರಿಚ್ಛೇದಾಂತ್ಯಗಳಲ್ಲಿ ‘ನೃಪತುಂಗದೇವಾನುಮತ’ ಎಂಬ ಸಮಾಸಪದ ಬರುತ್ತದೆ. ‘ಕೃತ’ ಎಂದಿಲ್ಲ, ‘ವಿರಚಿತ’ ಎಂದಿಲ್ಲ, ‘ಅನುಮತ’ ಎಂದಿದೆ. ಇದನ್ನು ತೃತೀಯಾ ತತ್ಪುರುಷವಾಗಿ ಬಿಡಿಸಿದರೆ ‘ನೃಪತುಂಗದೇವನಿಂದ ಅನುಮತವಾದ’, ಎಂದರೆ ಅವನ ಒಪ್ಪಿಗೆ ಪಡೆದ ಕೃತಿ ಎಂದಾಗುತ್ತದೆ. ಅರಸನು ತನ್ನ ಕೃತಿಗೆ ತಾನೇ ಒಪ್ಪಿಗೆ ಕೊಟ್ಟನೆಂದು ಹೇಳುವುದು ಸಹಜವಲ್ಲ. ಆದ್ದರಿಂದ ಆಸ್ಥಾನದ ಬೇರೊಬ್ಬ ಕವಿ ಇದನ್ನು ಬರೆದಿರಬೇಕೆಂಬ ಪಕ್ಷ ಹುಟ್ಟಿತು. ಅರಸನ ಅಭಿಪ್ರಾಯಗಳನ್ನೇ ನಿರೂಪಿಸುವ ಕೃತಿಯಾದುದರಿಂದ ಹಾಗೆ ಹೇಳಿದೆ ಎಂಬ ಸಮಾಧಾನವೂ ಉಂಟು. ಅದು ಅಸಾಧ್ಯವಾದ ಸಮಾಧಾನವೇನಲ್ಲ. ಆದರೆ ಕರ್ತೃತ್ವವನ್ನು ಸ್ಥಾಪಿಸುವ ಭಾರ ಆಗ ಆ ಪಕ್ಷದ ಮೇಲೆಯೇ ಬೀಳುತ್ತದೆ. ವಿದ್ಯಾರ್ಥಿಯು ಈ ಒಂದು ಸಮಾಸವನ್ನು ತಾನೇ ಬಿಡಿಸಿ ನೋಡಿ, ಎರಡೂ ಅರ್ಥಗಳನ್ನು ಬರೆದು, ಒಂದನ್ನು ಏಕೆ ಆರಿಸಿಕೊಂಡೆನೆಂದು ಹೇಳಿದರೆ ಅಷ್ಟೇ ಒಂದು ಒಳ್ಳೆಯ ಪುಟವಾಗುತ್ತದೆ.

ಗ್ರಂಥದ ಹೊರಗಿನ ಸಾಕ್ಷ್ಯಗಳ ವಿಷಯ ಇನ್ನಷ್ಟು ಸೂಕ್ಷ್ಮವಾದುದು. ಹನ್ನೊಂದನೆಯ ಶತಮಾನದ ದುರ್ಗಸಿಂಹನು ತನ್ನ ಪಂಚತಂತ್ರದಲ್ಲಿ ಶ್ರೀವಿಜಯರ ‘ಕವಿಮಾರ್ಗ’ವನ್ನು ಹೊಗಳುತ್ತಾನೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ತಾನು ಲಕ್ಷ್ಯವಾಗಿ ಸ್ವೀಕರಿಸಿದ ಪೂರ್ವಕವಿಗಳ ಸಾಲಿನಲ್ಲಿ ಶ್ರೀವಿಜಯನನ್ನು ಸೇರಿಸುತ್ತಾನೆ. ಇಷ್ಟನ್ನು ನೋಡಿ ‘ಎರಡು ಸಾಕ್ಷ್ಯಗಳಿವೆ’ ಎಂದು ಬರೆಯುವ ವಿದ್ಯಾರ್ಥಿಗಳೇ ಹೆಚ್ಚು. ಕೇಶಿರಾಜನು ಹೇಳುವುದು ಶ್ರೀವಿಜಯನೆಂಬ ಕವಿಯಿದ್ದನೆಂಬುದನ್ನು ಮಾತ್ರ. ಅವನು ಬರೆದದ್ದು ಇದೇ ಗ್ರಂಥವೆಂದು ಆ ಮಾತಿನಿಂದ ಸಿದ್ಧವಾಗುವುದಿಲ್ಲ. ದುರ್ಗಸಿಂಹನ ಮಾತು ಹೆಚ್ಚು ತೂಕದ್ದು. ಅಲ್ಲಿ ಗ್ರಂಥದ ಹೆಸರೂ ಇದೆ. ಆದರೆ ಆ ಹೆಸರು ‘ಕವಿರಾಜಮಾರ್ಗ’ವಲ್ಲ, ‘ಕವಿಮಾರ್ಗ’. ಎರಡೂ ಒಂದೆಯೇ, ಅಥವಾ ಶ್ರೀವಿಜಯನು ರಚಿಸಿದ್ದ ಬೇರೊಂದು ಲಕ್ಷಣಗ್ರಂಥ ನಷ್ಟವಾಗಿದೆಯೇ? ಒಂದೇ ಎಂದು ಗ್ರಹಿಸುವವರು ಅದು ಗ್ರಹಿಕೆಯೆಂದು ಓದುಗನಿಗೆ ತಿಳಿಸಲೇಬೇಕು. ಇತ್ತ ೧೬೦೪ರಲ್ಲಿ ಕರ್ಣಾಟಕ ಶಬ್ದಾನುಶಾಸನವನ್ನು ರಚಿಸಿದ ಭಟ್ಟಾಕಳಂಕನು ಗ್ರಂಥವನ್ನು ನೃಪತುಂಗನ ಹೆಸರಿನಿಂದಲೇ ಉಲ್ಲೇಖಿಸುತ್ತಾನೆ. ಅಮೋಘವರ್ಷ ನೃಪತುಂಗನ ಆಳ್ವಿಕೆ ಕ್ರಿ.ಶ. ೮೧೪ರಿಂದ ೮೭೮ರವರೆಗೆ, ಭಟ್ಟಾಕಳಂಕನಿಗೂ ಗ್ರಂಥಕ್ಕೂ ನಡುವೆ ಏಳು ಶತಮಾನಗಳಿಗೂ ಮಿಕ್ಕ ಅಂತರವಿದೆ. ಸಾಕ್ಷ್ಯಗಳನ್ನು ಎಣಿಸಿದರೆ ಸಾಲದು, ತೂಗಬೇಕೆಂದು ನಾವು ತರಗತಿಯಲ್ಲಿ ಹೇಳುವಾಗ ಮುಂದಿಡುವುದು ಈ ಉದಾಹರಣೆಯನ್ನೇ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಎಂ.ವಿ. ಸೀತಾರಾಮಯ್ಯನವರ ಸಂಪಾದನೆಯು ಶ್ರೀವಿಜಯನ ಪಕ್ಷವನ್ನು ಎತ್ತಿಹಿಡಿಯಿತು. ಇಲ್ಲಿ ಹೊರನಾಡಿನ ವಿಭಾಗಗಳಿಗೆ ಸಂಬಂಧಿಸಿದ ಒಂದು ಮಾತನ್ನು ಹೇಳಬೇಕಾಗಿದೆ. ನಮ್ಮಂಥ ಕಡೆಗಳಲ್ಲಿ ಕನ್ನಡದ ಪುಸ್ತಕಗಳಿಗೆ ಒಂದೆರಡು ಕಪಾಟುಗಳು ಸಿಕ್ಕಿದರೆ ಹೆಚ್ಚು. ಎಂದೋ ಯಾರೋ ಕೊಂಡು ತಂದ ಆವೃತ್ತಿ ಯಾವುದೋ ಅದೇ ವಿದ್ಯಾರ್ಥಿಯ ಅಭಿಪ್ರಾಯವಾಗಿಬಿಡುತ್ತದೆ. ಕಪಾಟು ನಿರ್ಣಯಿಸಿದ್ದನ್ನು ವಿದ್ಯಾರ್ಥಿ ತನ್ನ ನಿರ್ಣಯವೆಂದು ನಂಬುತ್ತಾನೆ. ಇದಕ್ಕೆ ವಿದ್ಯಾರ್ಥಿಯೊಬ್ಬನನ್ನೇ ದೂರುವಂತಿಲ್ಲ; ಆದರೆ ತಾನು ನೋಡಿದ ಆವೃತ್ತಿ ಯಾವುದು, ನೋಡಲಾಗದ್ದು ಯಾವುದು ಎಂದು ಬರೆಯುವುದಕ್ಕೆ ಗ್ರಂಥಾಲಯದ ಬಡತನ ಅಡ್ಡಬರುವುದಿಲ್ಲ.

ನಾವೇನೂ ಈ ದೋಷದಿಂದ ಮುಕ್ತರಾಗಿರಲಿಲ್ಲ. ನಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ದುರ್ಗಸಿಂಹನ ಮಾತನ್ನು ಒಂದು ಸಾಹಿತ್ಯಚರಿತ್ರೆಯಿಂದ ಎತ್ತಿಕೊಂಡು, ಪಂಚತಂತ್ರವನ್ನೇ ನೋಡಿದವರಂತೆ ಅಡಿಟಿಪ್ಪಣಿ ಹಾಕಿದ್ದೆವು. ಮೌಖಿಕ ಪರೀಕ್ಷೆಯಲ್ಲಿ ಹಿರಿಯರೊಬ್ಬರು ಆ ಪುಟವನ್ನು ತೆರೆದು, ‘ಈ ಪದ್ಯದ ಹಿಂದಿನ ಪದ್ಯ ಯಾವುದು?’ ಎಂದು ಮೆಲ್ಲನೆ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅವರು ಮತ್ತೇನೂ ಕೇಳದೆ ಪುಟವನ್ನು ಮಗುಚಿದರು. ಪದವಿ ದೊರೆಯಿತು, ಆದರೆ ಆ ಪುಟವನ್ನು ಇಂದಿಗೂ ನಾವು ಸಂಕೋಚವಿಲ್ಲದೆ ತೆರೆಯಲಾರೆವು.

ಭಾಷೆಯ ಬಗೆಗೂ ಒಂದೆರಡು ಮಾತು. ‘ಎಂದು ಹೇಳಲಾಗಿದೆ’, ‘ಎಂದು ಅಭಿಪ್ರಾಯಪಡಲಾಗಿದೆ’ ಎಂಬ ಪ್ರಯೋಗಗಳು ಈಚಿನ ಸಂಪ್ರಬಂಧಗಳಲ್ಲಿ ಹೇರಳವಾಗಿವೆ. ಹೇಳಿದವರು ಯಾರು? ಪಾಠಕರೋ, ಸೀತಾರಾಮಯ್ಯನವರೋ, ನಿನ್ನೆ ತರಗತಿಯಲ್ಲಿ ನಾವೋ? ಕರ್ತೃತ್ವವನ್ನೇ ಚರ್ಚಿಸುವ ಪ್ರಬಂಧದಲ್ಲಿ ವಾಕ್ಯಗಳಿಗೆ ಕರ್ತೃವಿಲ್ಲದಿರುವುದು ವಿನೋದದ ಸಂಗತಿ. ಕನ್ನಡದ ಕ್ರಿಯಾಪದಗಳು ನಿಶ್ಚಯದ ಮಟ್ಟವನ್ನು ತೋರಿಸಲು ಸಮರ್ಥವಾಗಿವೆ. ‘ಬರೆದನು’ ಎಂಬುದಕ್ಕೂ ‘ಬರೆದಿರಬೇಕು’ ಎಂಬುದಕ್ಕೂ ‘ಬರೆದಿರಬಹುದು’ ಎಂಬುದಕ್ಕೂ ನಡುವಣ ಅಂತರ ಅಡುಗೆಮನೆಯ ಮಾತಿನಲ್ಲಿಯೂ ಉಳಿದುಕೊಂಡಿದೆ. ಹಾಲು ಉಕ್ಕಿದ್ದನ್ನು ಕಂಡವರು ‘ಉಕ್ಕಿತು’ ಎನ್ನುತ್ತಾರೆ; ಒಲೆಯ ಮೇಲಿನ ಕಲೆಯನ್ನು ಮಾತ್ರ ಕಂಡವರು ‘ಉಕ್ಕಿರಬೇಕು’ ಎನ್ನುತ್ತಾರೆ. ಅದೇ ವ್ಯಕ್ತಿ ಸಂಪ್ರಬಂಧ ಬರೆಯಲು ಕುಳಿತೊಡನೆ ಎಲ್ಲವನ್ನೂ ಕಣ್ಣಾರೆ ಕಂಡವನಂತೆ ಬರೆಯುತ್ತಾನೆ.

ಈಚಿನ ವರ್ಷಗಳಲ್ಲಿ ನಾವು ವಿದ್ಯಾರ್ಥಿಗಳಿಂದ ಮೊದಲು ಎರಡು ಪ್ರತ್ಯೇಕ ಹಾಳೆಗಳನ್ನು ಬರೆಸುತ್ತಿದ್ದೇವೆ. ಒಂದರಲ್ಲಿ ಮೂಲಗ್ರಂಥದಲ್ಲಿ ಇರುವುದು ಮಾತ್ರ, ಇನ್ನೊಂದರಲ್ಲಿ ವಿದ್ವಾಂಸರು ಹೇಳಿರುವುದು ಮಾತ್ರ, ಹೆಸರು ಸಹಿತವಾಗಿ. ಮೊದಲ ಹಾಳೆ ಸಾಮಾನ್ಯವಾಗಿ ಅರ್ಧಕ್ಕೇ ನಿಲ್ಲುತ್ತದೆ. ಆ ಖಾಲಿ ಅರ್ಧವನ್ನು ನೋಡಿದ ಮೇಲೆ ಗ್ರಂಥಾಲಯಕ್ಕೆ ಮರಳಿ ಹೋಗುವವರು ಕೆಲವರಾದರೂ ಇದ್ದಾರೆ.

ಇಷ್ಟೆಲ್ಲ ಆದ ಬಳಿಕ ವಿದ್ಯಾರ್ಥಿನಿಯೊಬ್ಬಳು, ‘ಸರ್, ಪರೀಕ್ಷೆಯಲ್ಲಿ ನಾಲ್ಕು ಹೆಸರು ಕೊಟ್ಟು ಒಂದನ್ನು ಗುರುತಿಸಿ ಅಂದರೆ ಯಾವುದನ್ನು ಗುರುತಿಸಲಿ?’ ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ‘ಅನುಮತ’ ಶಬ್ದವನ್ನೂ ದುರ್ಗಸಿಂಹನ ಮಾತನ್ನೂ ಜೊತೆಗಿಟ್ಟು ನೋಡಿದರೆ ನಮ್ಮ ಒಲವು ಶ್ರೀವಿಜಯನ ಕಡೆಗೆ. ಪರೀಕ್ಷೆಯಲ್ಲಿ ಆ ಹೆಸರನ್ನು ಗುರುತಿಸಬಹುದೆಂದೂ ಸಂಪ್ರಬಂಧದಲ್ಲಾದರೆ ‘ರಚಿಸಿರಬೇಕು’ ಎಂದು ಬರೆದು, ಕಾರಣಗಳನ್ನೂ ‘ಕವಿಮಾರ್ಗ’ದ ತೊಡಕನ್ನೂ ಅದರ ಕೆಳಗೆ ಬರೆಯಬೇಕೆಂದೂ ಅವಳಿಗೆ ಹೇಳಿದೆವು.