ಮುಖ ತೋರಿಸಿದ ಟೆಲಿಫೋನು

ಟೆಲಿಫೋನಿನಲ್ಲಿ ಮಾತಾಡುವವರ ಮುಖವನ್ನೂ ನೋಡಬೇಕೆಂಬ ಆಸೆ ಕಂಪ್ಯೂಟರಿಗಿಂತ ಹಳೆಯದು. 1927ರ ಏಪ್ರಿಲ್ 7ರಂದು ಅಮೆರಿಕದ ವಾಣಿಜ್ಯ ಸಚಿವ ಹರ್ಬರ್ಟ್ ಹೂವರ್ ವಾಷಿಂಗ್ಟನ್‌ನಲ್ಲಿ ಮಾತಾಡಿದಾಗ, ಅವರ ಧ್ವನಿಯ ಜೊತೆಗೆ ಚಲಿಸುವ ಚಿತ್ರವೂ ತಂತಿಯ ಮೂಲಕ ನ್ಯೂಯಾರ್ಕ್ ತಲುಪಿತು. ಪ್ರದರ್ಶನ ನಡೆಸಿದ್ದು ಎಟಿ ಅಂಡ್ ಟಿ ಕಂಪನಿಯ ಬೆಲ್ ಪ್ರಯೋಗಾಲಯ. ಈ ಬೆರಗು ಕಚೇರಿಯ ಮೇಜನ್ನು ತಲುಪಲು 43 ವರ್ಷ ಬೇಕಾಯಿತು. ತಲುಪಿದ ಮೇಲೆ ಅದು ಯಾರಿಗೂ ಬೇಡವಾಯಿತು.

1964ರಲ್ಲಿ ಕಂಪನಿ ನ್ಯೂಯಾರ್ಕ್, ವಾಷಿಂಗ್ಟನ್ ಮತ್ತು ಷಿಕಾಗೊಗಳಲ್ಲಿ 'ಪಿಕ್ಚರ್‌ಫೋನ್' ಕೊಠಡಿಗಳನ್ನು ತೆರೆಯಿತು. ಮೊದಲೇ ಸಮಯ ಗೊತ್ತುಮಾಡಿಕೊಂಡು ಬರಬೇಕಿತ್ತು. ಮೂರು ನಿಮಿಷದ ಮಾತಿಗೆ 16ರಿಂದ 27 ಡಾಲರ್. ಬಂದವರು ಬೆರಳೆಣಿಕೆಯಷ್ಟು ಜನ. ಆದರೂ ಕಂಪನಿ ಹಿಂಜರಿಯದೆ, 1970ರಲ್ಲಿ ಪಿಟ್ಸ್‌ಬರ್ಗ್ ನಗರದ ಕಚೇರಿಗಳಿಗೇ ಯಂತ್ರವನ್ನು ಒಯ್ದಿತು. ಎಂಟು ಸಂಸ್ಥೆಗಳು 38 ಯಂತ್ರಗಳನ್ನು ಹಾಕಿಸಿಕೊಂಡವು. ಬಾಡಿಗೆ ತಿಂಗಳಿಗೆ 160 ಡಾಲರ್. ಅದರಲ್ಲಿ ಅರ್ಧ ಗಂಟೆಯ ಮಾತು ಸೇರಿತ್ತು.

ಬಳಸುವವರಿಗೆ ಎಲ್ಲವೂ ಸುಲಭವಾಗಿತ್ತು. ಹ್ಯಾಷ್ ಗುಂಡಿ ಒತ್ತಿ ನಂಬರ್ ತಿರುಗಿಸಿದರೆ ಇದು ಚಿತ್ರದ ಕರೆಯೆಂದು ವ್ಯವಸ್ಥೆಗೆ ತಿಳಿಯುತ್ತಿತ್ತು. ಕಷ್ಟವಿದ್ದದ್ದು ಗೋಡೆಯ ಹಿಂದೆ. ಮಾತಿಗೆ ಒಂದು ಜೋಡಿ ತಂತಿ ಸಾಕು. ಇಲ್ಲಿ ಚಿತ್ರ ಹೋಗಲು ಒಂದು, ಬರಲು ಒಂದು, ಹೀಗೆ ಮೂರು ಜೋಡಿ ಬೇಕು. ದೂರದ ಮಾರ್ಗದಲ್ಲಂತೂ ಒಂದು ಮುಖ ಸೆಕೆಂಡಿಗೆ ಸುಮಾರು 63 ಲಕ್ಷ ಬಿಟ್‌ಗಳಷ್ಟು ಸಾಮರ್ಥ್ಯವನ್ನು ನುಂಗುತ್ತಿತ್ತು. ಅಷ್ಟರಲ್ಲಿ 96 ಜನ ಬರೀ ಮಾತಾಡಬಹುದಿತ್ತು.

ಬೆಲೆಗಿಂತ ದೊಡ್ಡ ತೊಡಕು ಇನ್ನೊಂದಿತ್ತು. ಟೆಲಿಫೋನಿನ ಬೆಲೆಯಿರುವುದು ಎದುರಿಗೆ ಇನ್ನೊಂದು ಟೆಲಿಫೋನ್ ಇದ್ದಾಗ. ಊರಿಗೆಲ್ಲ 38 ಯಂತ್ರಗಳಿದ್ದರೆ ಮುಖ ನೋಡಿ ಮಾತಾಡುವುದು ಯಾರೊಡನೆ? ಹೊಸಬರು ಸೇರಲಿಲ್ಲ, ಸೇರಿದವರು ಬಿಟ್ಟರು. 1975ರ ಹೊತ್ತಿಗೆ ಒಂದು ಲಕ್ಷ ಯಂತ್ರಗಳೆಂಬ ಕಂಪನಿಯ ಎಣಿಕೆ ಕಾಗದದಲ್ಲೇ ಉಳಿಯಿತು. ಹಿಂದೆ ಬೆಲ್ ಪ್ರಯೋಗಾಲಯದಲ್ಲಿದ್ದ ಎ. ಮೈಕೆಲ್ ನೋಲ್, ಇದು ಜನರಿಗೆ ಬೇಕಾಗಿರಲೇ ಇಲ್ಲವೆಂದು 1992ರಲ್ಲಿ ವಿಶ್ಲೇಷಿಸಿದರು.

ತಂತಿಯ ತೊಡಕನ್ನು ಬಿಡಿಸಿದ್ದು ಗಣಿತ. ಕುರ್ಚಿಯಲ್ಲಿ ಕುಳಿತು ಮಾತಾಡುವವರ ತುಟಿ, ಕಣ್ಣು, ಕೈ ಅಲುಗಬಹುದು. ಹಿಂದಿನ ಗೋಡೆ ಅಲುಗದು. ಹಾಗಾದರೆ ಗೋಡೆಯ ಚಿತ್ರವನ್ನು ಮತ್ತೆ ಮತ್ತೆ ಕಳಿಸುವುದೇಕೆ? ಬದಲಾದಷ್ಟನ್ನೇ ಕಳಿಸುವ ಈ ಉಪಾಯದ ಮೇಲೆ ನಿಂತ ಎಚ್.261 ಎಂಬ ಅಂತರರಾಷ್ಟ್ರೀಯ ಮಾನಕ 1990ರಲ್ಲಿ ಅಂಗೀಕಾರವಾಯಿತು. ಐಎಸ್‌ಡಿಎನ್ ಎಂಬ ಡಿಜಿಟಲ್ ದೂರವಾಣಿ ಮಾರ್ಗದ ಒಂದೇ ಜೋಡಿ ತಂತಿಯಲ್ಲಿ, ಸೆಕೆಂಡಿಗೆ 1.28 ಲಕ್ಷ ಬಿಟ್‌ಗಳಲ್ಲಿ, ಮುಖ ಸಾಗತೊಡಗಿತು. ಹಿಂದಿನದರ ಐವತ್ತನೇ ಒಂದು ಪಾಲು! ಚಿತ್ರ ಚಿಕ್ಕದು, ಚಲನೆ ತಡವರಿಸುವಂಥದ್ದು. ಆದರೂ ಕೆಲಸ ನಡೆಯಿತು.

ಹಾಗಿದ್ದೂ ಯಂತ್ರ ಪ್ರತಿಯೊಬ್ಬರ ಮೇಜಿಗೆ ಮರಳಲಿಲ್ಲ. ಸಭೆಗೆಂದು ಮೀಸಲಾದ ಕೋಣೆ ಸೇರಿತು. ಥಾಮಸ್ ಫ್ರೀಡ್‌ಮನ್ ಅವರ 2005ರ 'ದಿ ವರ್ಲ್ಡ್ ಈಸ್ ಫ್ಲಾಟ್' ಪುಸ್ತಕದಿಂದ ಹೆಸರಾದ ಬೆಂಗಳೂರಿನ ಇನ್ಫೊಸಿಸ್ ಸಂಸ್ಥೆಯ ಕೋಣೆ ಅಂಥದೇ. ಅಲ್ಲಿನ ದೊಡ್ಡ ಪರದೆಯ ಮುಂದೆ ಬೇರೆ ಬೇರೆ ದೇಶಗಳವರು ಒಟ್ಟಿಗೆ ಕುಳಿತಂತೆ ಮಾತಾಡಬಹುದಿತ್ತು.

ಎಲ್ಲರ ಕೈಗೂ ಕ್ಯಾಮೆರಾ ಬಂದದ್ದು ಸ್ಮಾರ್ಟ್‌ಫೋನಿನಿಂದ. ಮುಖದ ಕರೆಗೆಂದು ಯಾರೂ ಬೇರೆ ತಂತಿ ಎಳೆಸಬೇಕಿರಲಿಲ್ಲ, ಬೇರೆ ಬಾಡಿಗೆ ಕಟ್ಟಬೇಕಿರಲಿಲ್ಲ. ಎದುರಿನವರಲ್ಲೂ ಅದು ಆಗಲೇ ಇತ್ತು. 2020ರಲ್ಲಿ ಕೋವಿಡ್ ಕಚೇರಿಗಳ ಬಾಗಿಲು ಮುಚ್ಚಿಸಿದಾಗ ಕೆಲಸ, ಪಾಠ, ನ್ಯಾಯಾಲಯದ ವಿಚಾರಣೆಗಳೆಲ್ಲ ಪರದೆಗೆ ಬಂದವು. ಆಗಲೂ ಎಷ್ಟೋ ಮಂದಿ ಸಭೆಗೆ ಸೇರಿದೊಡನೆ ಮಾಡುತ್ತಿದ್ದ ಮೊದಲ ಕೆಲಸ ಕ್ಯಾಮೆರಾ ಆರಿಸುವುದು. ಪಿಟ್ಸ್‌ಬರ್ಗಿನ ಕಚೇರಿಗಳು ಅರ್ಧ ಶತಮಾನದ ಹಿಂದೆ ಹೇಳಿದ್ದೂ ಅದನ್ನೇ: ಎಲ್ಲ ಮಾತಿಗೂ ಮುಖ ಬೇಕಿಲ್ಲ.