ಇಂಧನಮಿತಿಯ ಕಾಯಿದೆಯೂ ಮುಂಚಕ್ರ ಚಾಲನೆಯ ವೆಚ್ಚವೂ

ಮೋಟಾರು ಗಾಡಿಗಳ ಚರಿತ್ರೆಯನ್ನು ಬರೆದವರಲ್ಲಿ ಅನೇಕರು ಒಂದು ಮಾತನ್ನು ಸಿದ್ಧಾಂತವೆಂಬಂತೆ ಹೇಳಿಕೊಂಡು ಬಂದಿರುತ್ತಾರೆ. ಎಂಜಿನಿನ ಬಲವನ್ನು ಮುಂದಿನ ಚಕ್ರಗಳಿಗೆ ಕೊಡುವ ಗಾಡಿಯನ್ನು ತಯಾರಿಸಲು, ಹಿಂದಿನ ಚಕ್ರಗಳಿಗೆ ಕೊಡುವ ಗಾಡಿಗಿಂತ ಕಡಮೆ ವೆಚ್ಚ ತಗಲುತ್ತದೆ; ಆದುದರಿಂದ ಇಂಧನವನ್ನು ಮಿತಗೊಳಿಸುವ ಕಾಯಿದೆಯು ಅಮೆರಿಕದಲ್ಲಿ ಜಾರಿಗೆ ಬಂದೊಡನೆ ಅಲ್ಲಿಯ ತಯಾರಕರು ಈ ಅಗ್ಗದ ಮಾರ್ಗವನ್ನು ಹಿಡಿದರು, ಎಂಬುದೇ ಆ ಮಾತು. ಇದರ ಪೂರ್ವಾರ್ಧವು ಇಂದಿನ ಸಾಮಾನ್ಯ ಸಣ್ಣ ಗಾಡಿಗಳ ಮಟ್ಟಿಗೆ ನಿಜವೇ ಸರಿ. ಉತ್ತರಾರ್ಧವು ಮಾತ್ರ ಚರಿತ್ರೆಯ ಕ್ರಮವನ್ನು ತಲೆಕೆಳಗು ಮಾಡುತ್ತದೆ. ಮುಂಚಕ್ರ ಚಾಲನೆಯು ಹುಟ್ಟಿದಾಗ ಅಗ್ಗವಾಗಿರಲಿಲ್ಲ. ಬಹುಕಾಲದವರೆಗೆ ಅದನ್ನು ಕೈಗೊಂಡವರು ನಷ್ಟವನ್ನೇ ಅನುಭವಿಸಿದರು. ಅದು ಅಗ್ಗವಾಗುವುದಕ್ಕೆ ಮೊದಲು ತೆರಬೇಕಾಗಿದ್ದ ಬೆಲೆಯನ್ನು ಯಾರು, ಯಾವಾಗ, ಎಷ್ಟರಮಟ್ಟಿಗೆ ತೆತ್ತರೆಂಬುದು ಇಲ್ಲಿ ವಿಚಾರಿಸತಕ್ಕ ವಿಷಯವಾಗಿದೆ.

ಮೊದಲು ಎರಡು ಪದ್ಧತಿಗಳ ಭೇದವನ್ನು ತಿಳಿಯಬೇಕು. ಹಳೆಯ ಪದ್ಧತಿಯಲ್ಲಿ ಎಂಜಿನು ಗಾಡಿಯ ಮುಂಭಾಗದಲ್ಲಿ ಉದ್ದುದ್ದವಾಗಿ ಕುಳಿತಿರುತ್ತದೆ. ಅದರ ಹಿಂದೆ ಗೇರುಪೆಟ್ಟಿಗೆ. ಅಲ್ಲಿಂದ ಗಾಡಿಯ ನೆಲದಡಿಯಲ್ಲಿ ಉಕ್ಕಿನ ಉದ್ದನೆಯ ದಂಡವೊಂದು ಹಿಂದಕ್ಕೆ ಸಾಗಿ, ಹಿಂದಿನ ಆಕ್ಸಲ್ಲಿನ ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ಹೊಸ ಪದ್ಧತಿಯಲ್ಲಿ ಈ ದಂಡವಿಲ್ಲ. ಅದಕ್ಕೆ ಎಡೆಗೊಡಲು ನೆಲವನ್ನು ಉಬ್ಬಿಸಬೇಕಾಗಿಲ್ಲ. ಹಿಂದಿನ ಆಕ್ಸಲ್ಲು ಬರಿಯ ಭಾರ ಹೊರುವ ಸಾಧನವಾಗುತ್ತದೆ. ಎಂಜಿನನ್ನು ಅಡ್ಡಲಾಗಿಟ್ಟರೆ ಗಾಡಿಯ ಮೂತಿಯೂ ಮೊಟಕಾಗುವುದು. ಇಷ್ಟೂ ಲಾಭದ ಪಕ್ಷ. ನಷ್ಟದ ಪಕ್ಷದಲ್ಲಿ ಮುಖ್ಯವಾದುದು ಕೀಲು. ಮುಂದಿನ ಚಕ್ರವು ಬಲವನ್ನು ಪಡೆಯುತ್ತಲೇ ಎಡಬಲಕ್ಕೆ ಹೊರಳಬೇಕು, ಏರಿಳಿಯಲೂ ಬೇಕು; ಹಾಗೆ ಹೊರಳುವಾಗ ವೇಗದಲ್ಲಿ ಏರುಪೇರಾಗಬಾರದು. ಇದಕ್ಕೆ ಬೇಕಾದ ಸಮವೇಗದ ಕೀಲನ್ನು 1920ರ ದಶಕದಲ್ಲಿ ಆಲ್ಫ್ರೆಡ್ ಝೆಪ್ಪಾ ಎಂಬ ಎಂಜಿನಿಯರು ರೂಪಿಸಿದನಾದರೂ, ಉಕ್ಕಿನ ಗುಂಡುಗಳನ್ನು ಕೂದಲೆಳೆಯ ನಿಷ್ಕರ್ಷೆಯಿಂದ ಕೂಡಿಸಿದ ಆ ಸಾಧನವನ್ನು ಲಕ್ಷಗಟ್ಟಲೆಯಾಗಿ ಅಗ್ಗದಲ್ಲಿ ತಯಾರಿಸುವುದು ಬೇರೆಯೇ ಸಮಸ್ಯೆಯಾಗಿತ್ತು. ಹಿಂಚಕ್ರದ ದಂಡವನ್ನಾದರೋ ಸಾಧಾರಣ ಕಾರ್ಖಾನೆಯೂ ಮಾಡಬಲ್ಲುದು.

ಈ ಹೊಸ ಪದ್ಧತಿಯನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡವರಲ್ಲಿ ಫ್ರಾನ್ಸಿನ ಆಂದ್ರೆ ಸಿಟ್ರೋಯನ್ ಪ್ರಮುಖನು. 1934ರಲ್ಲಿ ಅವನ ಸಂಸ್ಥೆಯು ಹೊರತಂದ ಗಾಡಿಗೆ ‘ಟ್ರಾಕ್ಸಿಯೋಂ ಅವಾಂ’ ಎಂಬ ಹೆಸರೇ ರೂಢಿಯಾಯಿತು. ಮುಂದಿನಿಂದ ಎಳೆಯುವುದು ಎಂದು ಅದರ ಅರ್ಥ. ಎತ್ತು ಗಾಡಿಯನ್ನು ಮುಂದಿನಿಂದಲೇ ಎಳೆಯುವುದನ್ನು ಕಂಡ ಜನಕ್ಕೆ ಇದು ವಿಚಿತ್ರವೆನಿಸದು. ಹಿಂದಿನಿಂದ ನೂಕುವ ಮೋಟಾರೇ ವಿಚಿತ್ರ. ಸಿಟ್ರೋಯನ್ನನು ಚಕ್ರವನ್ನು ಮಾತ್ರ ಬದಲಿಸಿ ತೃಪ್ತನಾಗಲಿಲ್ಲ. ಬೇರೆ ಚೌಕಟ್ಟಿಲ್ಲದೆ ಒಡಲೇ ಭಾರ ಹೊರುವಂತಹ ಉಕ್ಕಿನ ದೇಹ, ಹೊಸ ಎಂಜಿನು, ಹೊಸದಾಗಿ ಕಟ್ಟಿಸಿದ ಕಾರ್ಖಾನೆ, ಇವೆಲ್ಲವೂ ಏಕಕಾಲದಲ್ಲಿ ಬಂದುವು. ಆ ವರ್ಷದ ಡಿಸೆಂಬರಿನಲ್ಲಿ ಸಂಸ್ಥೆಯು ಸಾಲಗಾರರ ಕೈಸೇರಿ, ಅವರಲ್ಲಿ ದೊಡ್ಡವರಾದ ಮಿಷೆಲಿನ್ ಟೈರಿನವರು ಅದನ್ನು ವಹಿಸಿಕೊಂಡರು. 1935ರ ಜುಲೈಯಲ್ಲಿ ಆಂದ್ರೆ ಸಿಟ್ರೋಯನ್ ತೀರಿಕೊಂಡನು. ಅವನನ್ನು ಮುಳುಗಿಸಿದ ಗಾಡಿಯಾದರೋ 1957ರ ವರೆಗೆ ತಯಾರಾಗುತ್ತ, ಏಳು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಹೊಸ ಸಾಧನದ ವೆಚ್ಚವನ್ನು ಒಬ್ಬನು ಹೊತ್ತು, ಅದರ ಫಲವನ್ನು ಮತ್ತೊಬ್ಬರು ಉಂಡುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಮೋಟಾರಿನ ಚರಿತ್ರೆಯಲ್ಲಿ ಸಿಕ್ಕುವುದು ವಿರಳ.

ಎರಡನೆಯ ಘಟ್ಟ ಇಂಗ್ಲೆಂಡಿನದು. 1956ರ ಸೂಯೆಜ್ ಕಾಲುವೆಯ ಬಿಕ್ಕಟ್ಟಿನಿಂದ ಪೆಟ್ರೋಲಿಗೆ ಅಭಾವ ಬರಲು, ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಅಲೆಕ್ ಇಸ್ಸಿಗೊನಿಸ್ ಎಂಬ ಶಿಲ್ಪಿಯು ಹತ್ತಡಿ ಉದ್ದದಲ್ಲಿ ನಾಲ್ವರು ಕೂರಬಹುದಾದ ಮಿನಿ ಗಾಡಿಯನ್ನು ರಚಿಸಿದನು. 1959ರಲ್ಲಿ ಅದು ಮಾರಾಟಕ್ಕೆ ಬಂತು. ಎಂಜಿನನ್ನು ಅಡ್ಡಲಾಗಿಟ್ಟು, ಗೇರುಗಳನ್ನು ಅದರ ಕೆಳಗೆ ಎಣ್ಣೆಯ ತೊಟ್ಟಿಯಲ್ಲಿಯೇ ಅಡಗಿಸಿದುದು ಅವನ ಚಮತ್ಕಾರ. ತೆರಿಗೆ ಸೇರಿ 500 ಪೌಂಡಿಗೂ ಕಡಮೆಯಾಗಿದ್ದ ಅದರ ಬೆಲೆಯನ್ನು ನೋಡಿ ಚಕಿತರಾದ ಫೋರ್ಡ್ ಸಂಸ್ಥೆಯವರು ಒಂದು ಮಿನಿಯನ್ನು ಕೊಂಡು, ಬಿಚ್ಚಿ, ಒಂದೊಂದು ಭಾಗಕ್ಕೂ ಲೆಕ್ಕಹಾಕಿ, ಮಾರಿದ ಪ್ರತಿಯೊಂದು ಗಾಡಿಯ ಮೇಲೂ ತಯಾರಕರಿಗೆ ನಷ್ಟವೇ ಎಂದು ನಿರ್ಣಯಿಸಿದರೆಂಬುದು ಪ್ರಸಿದ್ಧವಾದ ವೃತ್ತಾಂತ. ನಷ್ಟದ ಮೊತ್ತವನ್ನು ಕುರಿತು ಹೇಳಿಕೆಗಳು ಭಿನ್ನವಾಗಿವೆ. ಲಾಭವು ಅತ್ಯಲ್ಪವಾಗಿತ್ತೆಂಬಲ್ಲಿ ಭಿನ್ನಾಭಿಪ್ರಾಯವಿಲ್ಲ. ವೆಚ್ಚದ ಗಂಟನ್ನು ಬಿಡಿಸಿದವನು ಇಟಲಿಯ ದಾಂತೆ ಜಕೋಸ. ಗೇರುಪೆಟ್ಟಿಗೆಯನ್ನು ಎಂಜಿನಿನ ಕೆಳಗಿಡದೆ ಅದರ ಕೊನೆಗೆ ಸಾಲಾಗಿ ಜೋಡಿಸಿ, ಎಡಬಲದ ದಂಡಗಳು ಅಸಮವಾದರೆ ಆಗಲಿ ಎಂದು ಅವನು ಒಪ್ಪಿಕೊಂಡನು. 1964ರಲ್ಲಿ ಆಟೋಬಿಯಾಂಕಿ ಪ್ರಿಮುಲಾ ಎಂಬ ಗಾಡಿಯಲ್ಲಿ ಪರೀಕ್ಷಿಸಿದ ಈ ವಿನ್ಯಾಸವನ್ನು 1969ರ ಫಿಯಟ್ 128ರಲ್ಲಿ ಲಕ್ಷಗಟ್ಟಲೆ ಗಾಡಿಗಳಿಗೆ ಅಳವಡಿಸಲಾಯಿತು. ಈಚಿನ ಮುಂಚಕ್ರ ಗಾಡಿಗಳಲ್ಲಿ ಬಹುಪಾಲು ಇದರ ಸಂತತಿಯೇ.

ಇಷ್ಟರಲ್ಲಿ ಅಮೆರಿಕದವರು ಈ ಪದ್ಧತಿಯನ್ನು ಅರಿಯದೆ ಇರಲಿಲ್ಲ. 1966ರ ಓಲ್ಡ್ಸ್‌ಮೊಬೀಲ್ ಟೊರೊನಾಡೊ ಮುಂಚಕ್ರದ ಗಾಡಿಯೇ. ಆದರೆ ಅದರ ಎಂಜಿನಿನ ಗಾತ್ರ ಏಳು ಲೀಟರು. ಮುಂಚಕ್ರವೊಂದರಿಂದಲೇ ಇಂಧನ ಉಳಿಯುವುದೆಂದು ವಾದಿಸುವವರು ಈ ಗಾಡಿಯನ್ನು ಮರೆತಿರುತ್ತಾರೆ.

1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲವನ್ನು ತಡೆಹಿಡಿದ ಮೇಲೆ ಪರಿಸ್ಥಿತಿ ಬದಲಾಯಿತು. 1975ರ ಡಿಸೆಂಬರ್ 22ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿಮಾಡಿದ ಇಂಧನ ನೀತಿ ಮತ್ತು ಸಂರಕ್ಷಣೆಯ ಕಾಯಿದೆಯು, ಪ್ರತಿಯೊಬ್ಬ ತಯಾರಕನೂ ಮಾರುವ ಕಾರುಗಳೆಲ್ಲದರ ಸರಾಸರಿಯು 1978ರಲ್ಲಿ ಗ್ಯಾಲನ್ನಿಗೆ 18 ಮೈಲಿಯೂ, 1980ರಲ್ಲಿ 20 ಮೈಲಿಯೂ, 1985ರಲ್ಲಿ 27.5 ಮೈಲಿಯೂ ಆಗಬೇಕೆಂದು ವಿಧಿಸಿತು. ಹತ್ತು ವರ್ಷಗಳಲ್ಲಿ ಸರಾಸರಿಯನ್ನು ಇಮ್ಮಡಿ ಮಾಡುವುದು ಇದರ ಉದ್ದೇಶ. ಕಾಯಿದೆಯು ಯಾವ ಚಕ್ರದ ಹೆಸರನ್ನೂ ಎತ್ತುವುದಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಸರಾಸರಿಯನ್ನು ಕಟ್ಟುವ ರೀತಿಯಲ್ಲಿಯೇ ಅದರ ಬಿಗಿ ಅಡಗಿದೆ. ಒಂದು ಗಾಡಿ ಗ್ಯಾಲನ್ನಿಗೆ 15 ಮೈಲಿಯೂ ಮತ್ತೊಂದು 30 ಮೈಲಿಯೂ ಓಡಿದರೆ, ಅವೆರಡರ ಸರಾಸರಿ ಸಾಮಾನ್ಯರ ಲೆಕ್ಕದಂತೆ 22.5 ಆಗುವುದಿಲ್ಲ, ಕಾಯಿದೆಯು ಒಂದೇ ದೂರಕ್ಕೆ ಎರಡೂ ಕುಡಿದ ಇಂಧನವನ್ನು ಕೂಡಿಸಿ ಭಾಗಿಸುವುದರಿಂದ 20 ಮಾತ್ರ ಆಗುತ್ತದೆ. ಭಾರದ ಗಾಡಿಯೊಂದು ಹೀಗೆ ಹಗುರವಾದ ಗಾಡಿಯ ಪುಣ್ಯವನ್ನು ಬಹುಮಟ್ಟಿಗೆ ತಿಂದುಹಾಕುತ್ತದೆ. ಆದುದರಿಂದ ಕೆಲವು ಸಣ್ಣ ಗಾಡಿಗಳನ್ನು ಮಾರಿ ದೊಡ್ಡವುಗಳನ್ನು ಇದ್ದಂತೆಯೇ ಇಟ್ಟುಕೊಳ್ಳುವ ಉಪಾಯ ಫಲಿಸುವಂತಿರಲಿಲ್ಲ. ದೊಡ್ಡ ಗಾಡಿಯನ್ನೇ ಕರಗಿಸಬೇಕಾಯಿತು.

ಮಿತಿಯನ್ನು ತಪ್ಪಿದವರಿಗೆ ದಂಡವು ಮೈಲಿಯ ಹತ್ತನೆಯ ಒಂದು ಪಾಲಿಗೆ, ಗಾಡಿಯೊಂದಕ್ಕೆ, 5 ಡಾಲರು. ಹತ್ತು ಲಕ್ಷ ಗಾಡಿಗಳನ್ನು ಮಾರಿದವನು ಒಂದು ಮೈಲಿಯಷ್ಟು ಹಿಂದೆ ಬಿದ್ದರೆ 5 ಕೋಟಿ ಡಾಲರು ತೆರಬೇಕು. ಬರಿಯ ವ್ಯಾಪಾರದ ದೃಷ್ಟಿಯಿಂದ ಇದು ಹೊಸ ಕಾರ್ಖಾನೆಗಳ ವೆಚ್ಚಕ್ಕಿಂತ ಎಷ್ಟೋ ಕಡಮೆ. ಯೂರೋಪಿನ ಮರ್ಸಿಡಿಸ್, ಬಿಎಂಡಬ್ಲ್ಯು ಮೊದಲಾದವರು ದಂಡವನ್ನು ತೆತ್ತು ಹಿಂಚಕ್ರವನ್ನೇ ಉಳಿಸಿಕೊಂಡರು. ಅಮೆರಿಕದ ಮೂರು ದೊಡ್ಡ ಸಂಸ್ಥೆಗಳು ಆ ಕಾಲದಲ್ಲಿ ದಂಡವನ್ನು ಕಾನೂನಿನ ಭಂಗವೆಂದೆಣಿಸಿ ಆ ದಾರಿಗೆ ಹೋಗಲಿಲ್ಲ. ಈ ದಂಡದ ದರವನ್ನು 2025ರ ಜುಲೈಯಲ್ಲಿ ಸೊನ್ನೆಗಿಳಿಸಲಾಯಿತು.

ಭಾರವನ್ನು ಇಳಿಸಲು ಮುಂಚಕ್ರವೊಂದೇ ದಾರಿಯಾಗಿತ್ತೆ? ಅಲ್ಲವೆಂಬುದಕ್ಕೆ ಜನರಲ್ ಮೋಟರ್ಸ್ ಸಂಸ್ಥೆಯ 1977ರ ದೊಡ್ಡ ಗಾಡಿಗಳೇ ಸಾಕ್ಷಿ. ಷೆವ್ರೊಲೆ ಕಪ್ರೀಸ್ ಮೊದಲಾದುವು ಹಿಂಚಕ್ರವನ್ನು ಬಿಡದೆಯೇ, ಒಳಗಿನ ಜಾಗವನ್ನು ಕಳೆದುಕೊಳ್ಳದೆಯೇ, 600-700 ರಾತಲುಗಳಷ್ಟು ಹಗುರವಾದುವು. ಹಳೆಯ ಎಂಜಿನು, ಹಳೆಯ ಆಕ್ಸಲ್ಲು, ಹಳೆಯ ಯಂತ್ರಸಾಮಗ್ರಿ ಬಹುಮಟ್ಟಿಗೆ ಉಪಯೋಗಕ್ಕೆ ಬಂದುವು. ಆದರೆ ಇಂತಹ ಸುಲಭದ ಉಳಿತಾಯವನ್ನು ಒಂದು ಸಲ ಮಾಡಬಹುದು, ಎರಡನೆಯ ಸಲ ಮಾಡಲಾಗದು. ಆರು ಜನರ ಜಾಗವನ್ನು ಬಿಡದೆ ಗಾಡಿಯನ್ನು ಇನ್ನೂ ಮೊಟಕುಮಾಡಬೇಕಾದರೆ ಎಂಜಿನನ್ನು ಅಡ್ಡಲಾಗಿ ತಿರುಗಿಸಬೇಕು. ತಿರುಗಿಸಿದರೆ ಹಳೆಯ ಗೇರುಪೆಟ್ಟಿಗೆ, ಹಳೆಯ ದಂಡ, ಅವುಗಳನ್ನು ತಯಾರಿಸುತ್ತಿದ್ದ ಯಂತ್ರಗಳ ಸಾಲುಗಳು, ಎಲ್ಲವೂ ಹಳೆಯ ಕಬ್ಬಿಣ. ಎರಡು ಪದ್ಧತಿಗಳ ವೆಚ್ಚವನ್ನು ಹೋಲಿಸುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಅಂಶವಿದು. ಬೆಲೆಯನ್ನು ಎಂದೋ ತೀರಿಸಿಯಾದ ಯಂತ್ರದಿಂದ ಹುಟ್ಟಿದ ಭಾಗಕ್ಕೆ ಉಕ್ಕಿನ ಬೆಲೆ, ಕೂಲಿ, ಇಷ್ಟೇ ವೆಚ್ಚ. ಹೊಸ ಯಂತ್ರದಿಂದ ಹುಟ್ಟಿದ ಭಾಗಕ್ಕೆ ಯಂತ್ರದ ಬೆಲೆಯ ಬಡ್ಡಿಯೂ ಸೇರುತ್ತದೆ. ಆ ವರ್ಷಗಳಲ್ಲಿ ಅಮೆರಿಕದ ಬಡ್ಡಿಯ ದರವಾದರೋ ಏರುತ್ತಲೇ ಇತ್ತು.

ಜನರಲ್ ಮೋಟರ್ಸಿನವರು ಸುಮಾರು 270 ಕೋಟಿ ಡಾಲರು ವೆಚ್ಚಮಾಡಿ 1979ರ ಏಪ್ರಿಲಿನಲ್ಲಿ ಷೆವ್ರೊಲೆ ಸೈಟೇಷನ್ ಮತ್ತು ಅದರ ಸೋದರ ಗಾಡಿಗಳನ್ನು ಹೊರತಂದರು. ಇರಾನಿನ ಕ್ರಾಂತಿಯಿಂದ ತೈಲದ ಬೆಲೆ ಏರಿ, ಪೆಟ್ರೋಲಿಗೆ ಜನ ಸಾಲುಗಟ್ಟಿ ನಿಂತಿದ್ದ ಸಮಯ. ಮೊದಲನೆಯ ಮಾದರಿವರ್ಷದಲ್ಲಿಯೇ ಎಂಟು ಲಕ್ಷ ಸೈಟೇಷನ್ನುಗಳು ಮಾರಾಟವಾದುವು. ಹಿಂದಿನ ನೋವಾ ಗಾಡಿಗಿಂತ ಇದು ಏಳೆಂಟು ನೂರು ರಾತಲು ಹಗುರ. ತಯಾರಿಕೆಯಲ್ಲಿಯೂ ಒಂದು ಅನುಕೂಲ ಕಂಡುಬಂತು: ಎಂಜಿನು, ಗೇರು, ಕೀಲುಗಳನ್ನೆಲ್ಲ ಹೊರಗೆ ಒಂದು ತೊಟ್ಟಿಲಿನ ಮೇಲೆ ಜೋಡಿಸಿ ಒಟ್ಟಾಗಿ ಕೆಳಗಿನಿಂದ ಒಡಲಿಗೆ ಏರಿಸಬಹುದು, ಕೂಲಿ ಉಳಿಯುವುದು ಇಲ್ಲಿಯೇ. ಆದರೆ ಅವಸರದ ಬೆಲೆಯೂ ಒಡನೆಯೇ ಕಾಣಿಸಿಕೊಂಡಿತು. ಭಾರವೆಲ್ಲ ಮುಂದೆ ಕುಳಿತ ಗಾಡಿಯಲ್ಲಿ ಬ್ರೇಕನ್ನು ಬಲವಾಗಿ ಅದುಮಿದಾಗ ಹಗುರವಾದ ಹಿಂಚಕ್ರಗಳು ಹಠಾತ್ತನೆ ನಿಂತು ಗಾಡಿ ಅಡ್ಡತಿರುಗುವುದೆಂಬ ದೂರುಗಳು ಹೆಚ್ಚಿದುವು. ಗಾಡಿಗಳನ್ನು ಮತ್ತೆಮತ್ತೆ ದುರಸ್ತಿಗೆ ಹಿಂದಕ್ಕೆ ಕರೆಯಬೇಕಾಯಿತು. 1983ರಲ್ಲಿ ಸರ್ಕಾರವೇ ದಾವೆ ಹೂಡಿತು. 1987ರಲ್ಲಿ ನ್ಯಾಯಾಲಯವು ಸಂಸ್ಥೆಯ ಪರವಾಗಿ ತೀರ್ಪಿತ್ತಿತು. ಆದರೆ ಗಾಡಿಯ ತಯಾರಿಕೆ 1985ರಲ್ಲಿಯೇ ನಿಂತುಹೋಗಿತ್ತು.

ಕ್ರೈಸ್ಲರ್ ಸಂಸ್ಥೆಯ ಕಥೆ ಇನ್ನೂ ತೀಕ್ಷ್ಣವಾದುದು. 1978ರ ಮಾದರಿಯಾಗಿ ಅದು ತಂದ ಓಮ್ನಿ ಮತ್ತು ಹೊರೈಜನ್ ಎಂಬ ಮುಂಚಕ್ರದ ಸಣ್ಣ ಗಾಡಿಗಳಿಗೆ ಸ್ವಂತ ಎಂಜಿನು ಇರಲಿಲ್ಲ. ಜರ್ಮನಿಯ ಫೋಕ್ಸ್‌ವ್ಯಾಗನ್ನಿನಿಂದ ಕೊಳ್ಳಬೇಕಾಗಿತ್ತು. 1979ರಲ್ಲಿ 110 ಕೋಟಿ ಡಾಲರೂ, 1980ರಲ್ಲಿ 170 ಕೋಟಿ ಡಾಲರೂ ನಷ್ಟವಾಗಿ, ಸರ್ಕಾರವು 150 ಕೋಟಿ ಡಾಲರಿನ ಸಾಲಕ್ಕೆ ಜಾಮೀನು ನಿಲ್ಲಬೇಕಾಯಿತು. 1981ರ ‘ಕೆ’ ಗಾಡಿಗಳು ಆ ಸಾಲದ ಆಸರೆಯಲ್ಲಿ ಹೊರಬಂದುವು. ಲೀ ಅಯಕೋಕನ ಜಾಣ್ಮೆ ಇದ್ದುದು ಇದರ ಮುಂದಿನ ಹೆಜ್ಜೆಯಲ್ಲಿ: ಒಂದೇ ತಳವಿನ್ಯಾಸವನ್ನು ಹಿಗ್ಗಿಸಿ, ಕುಗ್ಗಿಸಿ, ಅದರಿಂದಲೇ ಹತ್ತಾರು ಗಾಡಿಗಳನ್ನು ಪಡೆದನು, 1984ರ ಮಾದರಿಯ ಕುಟುಂಬವ್ಯಾನೂ ಅದೇ ಬಳ್ಳಿಯದು. ಯಂತ್ರದ ಬೆಲೆಯನ್ನು ಇಪ್ಪತ್ತು ಲಕ್ಷ ಗಾಡಿಗಳ ಮೇಲೆ ಹಂಚಿದಾಗ ಗಾಡಿಯೊಂದಕ್ಕೆ ಬೀಳುವ ಪಾಲು, ಎರಡು ಲಕ್ಷದ ಮೇಲೆ ಹಂಚಿದಾಗ ಬೀಳುವುದರ ಹತ್ತನೆಯ ಒಂದಂಶ ಮಾತ್ರ. ಸಾಲವು 1983ರಲ್ಲಿಯೇ ಅವಧಿಗೆ ಮೊದಲು ತೀರಿತು. ಮುಂಚಕ್ರವು ಅಗ್ಗವಾದುದು ಹೀಗೆ.

ಫೋರ್ಡ್ ಸಂಸ್ಥೆಯು ಎರಡೂ ದೋಣಿಗಳಲ್ಲಿ ಕಾಲಿಟ್ಟಿತು. 1981ರ ಎಸ್ಕಾರ್ಟ್, ಸುಮಾರು 300 ಕೋಟಿ ಡಾಲರು ನುಂಗಿದ 1986ರ ಟಾರಸ್, ಇವು ಮುಂಚಕ್ರದವು. 1979ರ ಮಾದರಿಯಾಗಿ ಸಿದ್ಧವಾದ ಹಿಂಚಕ್ರದ ದೊಡ್ಡ ಗಾಡಿಯನ್ನು ಮಾತ್ರ ಅದು ಬಿಡಲಿಲ್ಲ. ತೈಲದ ಬೆಲೆ ಇಳಿದ ಮೇಲೆ ಕೊಳ್ಳುವವರು ಅದಕ್ಕೇ ಮರಳಿದರು. ಅಚ್ಚುಗಳ ಬೆಲೆ ಎಂದೋ ತೀರಿದ್ದುದರಿಂದ ಲಾಭವೂ ಹೆಚ್ಚು. ಕಾಯಿದೆಯು ದೇಶೀಯ ಗಾಡಿಗಳಿಗೂ ಆಮದಿನವುಗಳಿಗೂ ಬೇರೆ ಬೇರೆ ಸರಾಸರಿ ಕಟ್ಟುತ್ತಿತ್ತಷ್ಟೆ. 1990ರ ದಶಕದ ಆರಂಭದಲ್ಲಿ ಫೋರ್ಡಿನವರು ಈ ಗಾಡಿಯ ದೇಶೀಯ ಭಾಗಗಳನ್ನು ಬೇಕೆಂದೇ ನೂರಕ್ಕೆ 75ಕ್ಕಿಂತ ಕೆಳಗಿಳಿಸಿ, ಅದನ್ನು ಆಮದಿನ ಲೆಕ್ಕಕ್ಕೆ ದಾಟಿಸಿದರು. ಅಮೆರಿಕದ ಪೋಲೀಸರು ಏರುತ್ತಿದ್ದ ಗಾಡಿಯು ಕಾಗದದ ಮೇಲೆ ಪರದೇಶಿಯಾಯಿತು! ಕ್ರೌನ್ ವಿಕ್ಟೋರಿಯಾ ಎಂಬ ಹೆಸರಿನಲ್ಲಿ ಅದು 2011ರ ವರೆಗೂ ತಯಾರಾಯಿತು.

1985ರಲ್ಲಿ ಜನರಲ್ ಮೋಟರ್ಸ್ ಮತ್ತು ಫೋರ್ಡ್ ಸಂಸ್ಥೆಗಳು ಮಿತಿಯನ್ನು ಸಡಿಲಿಸಬೇಕೆಂದು ಅರ್ಜಿ ಹಾಕಿಕೊಂಡಾಗ ಅದನ್ನು ವಿರೋಧಿಸಿದುದು ಮತ್ತೊಂದು ಮೋಟಾರು ಸಂಸ್ಥೆಯೇ, ಎಂದರೆ ಕ್ರೈಸ್ಲರ್. ಕಾಯಿದೆಯನ್ನು ನಂಬಿ ಸಾಲಮಾಡಿ ಬದಲಾದವರಿಗೆ, ಬದಲಾಗದವರನ್ನು ಕ್ಷಮಿಸುವುದು ಅನ್ಯಾಯವೆಂದು ತೋರಿತು. ಸರ್ಕಾರವು ಅರ್ಜಿಯನ್ನೇ ಮನ್ನಿಸಿ 1986ಕ್ಕೆ 26 ಮೈಲಿಯೆಂದು ಇಳಿಸಿತು, 27.5ಕ್ಕೆ ಮರಳಿದುದು 1990ರಲ್ಲಿ. ಮುಂಚಕ್ರವು ಸ್ವಭಾವದಿಂದಲೇ ಅಗ್ಗವಾಗಿದ್ದರೆ ಈ ಕಲಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ಭಾರತದಲ್ಲಿ ಕ್ರಮವು ಬೇರೆಯಾಯಿತು. ಹಿಂಚಕ್ರದ ಅಂಬಾಸಡರ್ ಆಳುತ್ತಿದ್ದ ದೇಶಕ್ಕೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ, ಮುಂಚಕ್ರದ ವೆಚ್ಚವನ್ನು ಜಪಾನಿನ ಸುಜುಕಿಯು ಅದಾಗಲೇ ತೀರಿಸಿಯಾಗಿತ್ತು. ಸರಾಸರಿಯ ನಿಯಮವು ಇಲ್ಲಿ ಜಾರಿಗೆ ಬಂದುದು 2017-18ರಲ್ಲಿ: ಕಿಲೋಮೀಟರಿಗೆ 130 ಗ್ರಾಂ ಇಂಗಾಲದ ಡೈಆಕ್ಸೈಡು, 2022-23ರಿಂದ 113 ಗ್ರಾಂ. ಬೆಂಗಳೂರಿನ ಬಳಿಯ ಬಿಡದಿಯಲ್ಲಿ ಟೊಯೋಟ ಕಿರ್ಲೋಸ್ಕರ್ ಸಂಸ್ಥೆಯು 2005ರಿಂದ ತಯಾರಿಸುತ್ತಿದ್ದ ಇನ್ನೋವಾ, ಬೇರೆ ಚೌಕಟ್ಟಿನ ಮೇಲೆ ಕುಳಿತ ಹಿಂಚಕ್ರದ ಗಾಡಿ. 2022ರ ನವೆಂಬರಿನಲ್ಲಿ ತೋರಿಸಿದ ಹೈಕ್ರಾಸ್ ಎಂಬ ಹೊಸ ಇನ್ನೋವಾಕ್ಕೆ ಒಡಲೇ ಚೌಕಟ್ಟು, ಚಾಲನೆ ಮುಂಚಕ್ರದ್ದು, ಎಂಜಿನಿನೊಡನೆ ವಿದ್ಯುತ್ತಿನ ಜೊತೆಯೂ ಉಂಟು. ಆದರೂ 2023ರಲ್ಲಿ ಅದೇ ಬಿಡದಿಯಿಂದ ಹಿಂಚಕ್ರದ ಹಳೆಯ ಕ್ರಿಸ್ಟಾ, ಡೀಸೆಲ್ ಎಂಜಿನಿನೊಡನೆ, ಮತ್ತೆ ಮಾರಾಟಕ್ಕೆ ಬಂದಿತು.