ಎಳೆಮಕ್ಕಳ ಇಸುಬು: ಆರೈಕೆಯ ಚರಿತ್ರೆ

ಇಸುಬು ಎಳೆಮಕ್ಕಳ ಚರ್ಮಕ್ಕೆ ಬರುವ ಉರಿಯೂತ. ತುರಿಕೆ ಇದರ ಮುಖ್ಯ ಲಕ್ಷಣ. ಬರುವುದು, ಅಡಗುವುದು, ಮತ್ತೆ ಕೆರಳುವುದು ಇದರ ಸ್ವಭಾವ. ವೈದ್ಯರು ಇದನ್ನು ಎಟೊಪಿಕ್ ಡರ್ಮಟೈಟಿಸ್ ಅಥವಾ ಎಕ್ಸಿಮಾ ಎನ್ನುತ್ತಾರೆ. ಸಾಮಾನ್ಯವಾಗಿ ಎರಡು ಮೂರು ತಿಂಗಳ ಕೂಸಿನ ಕೆನ್ನೆ, ಹಣೆ, ನೆತ್ತಿಗಳಲ್ಲಿ ಕೆಂಪಗೆ, ನೀರಾಡುತ್ತ ಶುರುವಾಗುತ್ತದೆ. ಅಂಬೆಗಾಲಿಡುವ ವಯಸ್ಸಿಗೆ ಕೈಕಾಲುಗಳ ಹೊರಮೈಗೆ ಹರಡಿ, ಎರಡು ವರ್ಷ ದಾಟಿದ ಮೇಲೆ ಮೊಣಕೈ ಮಡಿಕೆಯಲ್ಲೂ ಮಂಡಿಯ ಹಿಂದಿನ ಮಡಿಕೆಯಲ್ಲೂ ನೆಲೆ ನಿಲ್ಲುತ್ತದೆ. ಲಂಗೋಟಿ ಮುಚ್ಚುವ ಜಾಗ ಮಾತ್ರ ಬಹುಮಟ್ಟಿಗೆ ತಪ್ಪಿಸಿಕೊಳ್ಳುತ್ತದೆ. ಹೆಚ್ಚಿನ ಮಕ್ಕಳಲ್ಲಿ ಹರೆಯದ ಹೊತ್ತಿಗೆ ತಗ್ಗುವುದುಂಟು. ಇದು ಅಂಟುರೋಗವಲ್ಲ.

ಇದರ ಆರೈಕೆಯ ಚರಿತ್ರೆಯನ್ನು ಒಂದು ಊರಿನ ಕಡೆಯಿಂದ ನೋಡೋಣ. ಕಂಬೈನಲ್ಲೂರು ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಸಣ್ಣ ಪೇಟೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಕೈತಪ್ಪಿ ಕಂಪನಿಗೆ ಸೇರಿದ ಬಾರಾಮಹಲ್ ಸೀಮೆ ಇದು. 1965ರಲ್ಲಿ ಧರ್ಮಪುರಿ ಬೇರೆ ಜಿಲ್ಲೆಯಾಗುವವರೆಗೆ ಸೇಲಂಗೆ ಸೇರಿತ್ತು. ಧರ್ಮಪುರಿಯ ಹಳೆಯ ಹೆಸರು ತಗಡೂರು. ನೊಳಂಬರು ಆಳಿದ ಆ ಊರಿನಲ್ಲಿ ಕನ್ನಡ ಶಾಸನಗಳಿವೆ. ಸೇಲಂನ ದೇವಾಂಗ ನೇಕಾರರೂ ಧರ್ಮಪುರಿ, ಕೃಷ್ಣಗಿರಿ ಕಡೆಯ ಒಕ್ಕಲು ಮನೆಗಳವರೂ ಇಂದಿಗೂ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುತ್ತಾರೆ. ಹೀಗಾಗಿ ಮಗುವಿನ ಮೈ ಕೆರಳಿದಾಗ ಇಲ್ಲಿನ ತಾಯಿಯ ಮುಂದೆ ಹಲವು ದಾರಿಗಳಿದ್ದವು: ಆಯುರ್ವೇದ, ಸಿದ್ಧವೈದ್ಯ, ಅಜ್ಜಿಯ ಬಚ್ಚಲು, ಕಡೆಗೆ ಇಂಗ್ಲಿಷ್ ಔಷಧಿ. ಒಂದು ಪ್ರಶ್ನೆ ಮಾತ್ರ ಎಲ್ಲ ದಾರಿಗಳಲ್ಲೂ ಎದುರಾಗಿದೆ: ಹೊರಗೆ ಬಂದದ್ದನ್ನು ಅಡಗಿಸಬೇಕೋ, ಬರಲಿ ಎಂದು ಬಿಡಬೇಕೋ?

ಚರಕಸಂಹಿತೆ ಚರ್ಮರೋಗಗಳನ್ನೆಲ್ಲ ಕುಷ್ಠ ಎಂಬ ಒಂದೇ ತಲೆಬರಹದ ಕೆಳಗೆ 18 ಬಗೆಯಾಗಿ ವಿಂಗಡಿಸುತ್ತದೆ: ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠ. ಇವುಗಳಲ್ಲಿ ತುರಿಕೆ, ಕಪ್ಪಗಾದ ಗುಳ್ಳೆ, ಸ್ರಾವ ಇರುವ ವಿಚರ್ಚಿಕೆಯನ್ನು ಇಂದಿನ ಇಸುಬಿಗೆ ಹೋಲಿಸುತ್ತಾರೆ. ಆದರೆ ಅಲ್ಲಿ ಕೂಸಿನ ಮಾತು ಬರುವುದಿಲ್ಲ. ಕೂಸಿನ ಮಾತನ್ನು ನೇರವಾಗಿ ಎತ್ತುವುದು ಮಕ್ಕಳ ವೈದ್ಯದ ಗ್ರಂಥವಾದ ಕಾಶ್ಯಪಸಂಹಿತೆ. ಅದರ ಖಿಲಸ್ಥಾನದಲ್ಲಿ ಚರ್ಮದಲ ಎಂಬ ರೋಗಕ್ಕೇ ಒಂದು ಅಧ್ಯಾಯವಿದೆ. ಹಾಲು ಕುಡಿಯುವ ಮಕ್ಕಳಿಗೂ ಹಾಲು ಅನ್ನ ಎರಡನ್ನೂ ಉಣ್ಣುವ ಮಕ್ಕಳಿಗೂ ಅದು ಬರುತ್ತದೆ ಎನ್ನುವ ಗ್ರಂಥಕಾರ, ಕಾರಣಗಳಲ್ಲಿ ಎದೆಹಾಲಿನ ದೋಷದ ಜೊತೆಗೆ ಬಿಸಿ, ಬೆವರು, ಬಟ್ಟೆಯ ಉಜ್ಜಾಟ, ತೊಳೆಯದೆ ಬಿಟ್ಟ ಮಲಮೂತ್ರಗಳನ್ನೂ ಸೇರಿಸುತ್ತಾನೆ. ಎದೆಹಾಲಿನ ಮೇಲೆ ಹೊರಿಸಿದ ತಪ್ಪನ್ನು ಇಂದು ಯಾರೂ ಒಪ್ಪುವುದಿಲ್ಲ. ಉಳಿದ ಪಟ್ಟಿಯನ್ನು ಇಂದಿನ ಮಕ್ಕಳ ವೈದ್ಯರು ಅಳಿಸಲಾರರು. ನೇಪಾಳದಲ್ಲಿ ದೊರೆತ ಹಸ್ತಪ್ರತಿಯಿಂದ ಈ ಗ್ರಂಥ ಅಚ್ಚಾದದ್ದು 20ನೇ ಶತಮಾನದಲ್ಲಿ. ಚರ್ಮದಲ ಕುರಿತ ಈ ಸೂಕ್ಷ್ಮ ನೋಟ ಹಳ್ಳಿಯ ಪಂಡಿತರ ಕೈಗೆ ಹಿಂದೆ ಸಿಕ್ಕಿರುವ ಸಂಭವ ಕಡಿಮೆ.

ತಮಿಳು ನೆರೆಯವರು ಇಸುಬನ್ನು ಕರಪ್ಪಾನ್ ಎನ್ನುತ್ತಾರೆ. ಸಿದ್ಧವೈದ್ಯದಲ್ಲಿ ಅದಕ್ಕೆಂದೇ ತೈಲಗಳಿವೆ. ಚರ್ಮಕ್ಕೆ ಹಚ್ಚುವ ಇನ್ನೊಂದು ಹೆಸರಾಂತ ಎಣ್ಣೆ ವೆಟ್ಪಾಲೆ ಎಲೆಯದು. ಎಲೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಬಿಸಿಲಿಗಿಟ್ಟರೆ ಎಣ್ಣೆ ನೇರಳೆಗೆ ತಿರುಗುತ್ತದೆ. ನಮ್ಮ ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಹಾಲೆಮರವೂ ಇದೇ. ಈ ಎಣ್ಣೆ ಹೆಚ್ಚಾಗಿ ಬಳಕೆಯಾಗುವುದು ದೊಡ್ಡವರ ಸೋರಿಯಾಸಿಸ್‌ಗೆ. ಕೂಸಿನ ಒಡೆದ ಚರ್ಮಕ್ಕೆ ಹಚ್ಚಲು ಹೇಳುವಷ್ಟು ಆಧಾರ ಅದಕ್ಕಿಲ್ಲ.

ಔಷಧಿಗಿಂತ ಹೆಚ್ಚು ಪರಿಣಾಮ ಮಾಡಿದ್ದು ಬಚ್ಚಲುಮನೆ. ಬಾಣಂತನ ಮಾಡುವ ಹಿರಿಯಾಕೆ ಮಣೆಯ ಮೇಲೆ ಕೂತು ಕಾಲು ನೀಡಿ, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿ, ಎಣ್ಣೆ ತಿಕ್ಕಿ, ಕಡಲೆಹಿಟ್ಟೋ ಹೆಸರುಹಿಟ್ಟೋ ಉಜ್ಜಿ, ಹಬೆಯಾಡುವ ನೀರನ್ನು ಚೊಂಬಿನಿಂದ ಎರೆಯುತ್ತಾಳೆ. ಆಮೇಲೆ ಸಾಂಬ್ರಾಣಿ ಹೊಗೆ. ಗಟ್ಟಿ ಚರ್ಮದ ಕೂಸಿಗೆ ಇದು ಸುಖನಿದ್ದೆ ತರುತ್ತದೆ. ಇಸುಬಿನ ಕೂಸಿಗೆ ಎಣ್ಣೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಕೇಡು: ಹಿಟ್ಟು ಚರ್ಮವನ್ನು ತರಿಯುತ್ತದೆ, ಸುಡುನೀರು ಇದ್ದ ಜಿಡ್ಡನ್ನೂ ತೊಳೆದು ತುರಿಕೆ ಏರಿಸುತ್ತದೆ, ಹೊಗೆ ಕೆರಳಿಸುತ್ತದೆ. ಕೆರಳಿದ್ದನ್ನು ಕಂಡು ‘ನಂಜು ಹೊರಗೆ ಬರ್ತಿದೆ, ಬರಲಿ ಬಿಡು, ಅಡಗಿಸಿದರೆ ಒಳಗೆ ಹೋಗಿ ದಮ್ಮಾಗುತ್ತೆ’ ಎನ್ನುವ ಮಾತೂ ಅದೇ ಬಚ್ಚಲಲ್ಲಿ ಹುಟ್ಟುತ್ತದೆ. ಜೊತೆಗೆ ತಾಯಿಗೆ ಪಥ್ಯ: ಬದನೆ, ಮೀನು, ಕಡಲೆಕಾಯಿ ಮುಟ್ಟುವಂತಿಲ್ಲ.

ಅಡಗಿಸಬಾರದೆಂಬ ಮಾತನ್ನು ಹಳ್ಳಿಯ ಅಜ್ಞಾನವೆಂದು ನಗುವವರು ಯೂರೋಪಿನ ಚರಿತ್ರೆ ನೋಡಬೇಕು. ಲಂಡನ್ನಿನ ರಾಬರ್ಟ್ ವಿಲ್ಲನ್ 1798ರಿಂದ ಚರ್ಮರೋಗಗಳನ್ನು ಕಣ್ಣಿಗೆ ಕಾಣುವ ಗುರುತಿನ ಮೇಲೆ ವಿಂಗಡಿಸಿ ಪ್ರಕಟಿಸತೊಡಗಿದ ಮೇಲೂ, ದೇಹದ ಕೆಟ್ಟ ರಸ ಚರ್ಮದ ದಾರಿಯಲ್ಲಿ ಹೊರಬೀಳುತ್ತದೆ, ತಡೆದರೆ ಅಪಾಯ ಎಂಬ ನಂಬಿಕೆ ಅಲ್ಲಿ ಗಟ್ಟಿಯಾಗಿಯೇ ಇತ್ತು. ಅದನ್ನು ಅಲುಗಿಸಿದವನು ವಿಯೆನ್ನಾದ ಫರ್ಡಿನಂಡ್ ಹೀಬ್ರಾ. ಆರೋಗ್ಯವಂತ ಚರ್ಮಕ್ಕೆ ಜಾಪಾಳದ ಎಣ್ಣೆ ಹಚ್ಚಿ ಇಸುಬನ್ನು ಎಬ್ಬಿಸಿ ತೋರಿಸಿದ. ಹೊರಗಿನ ಕೆರಳಿಕೆಯೇ ಸಾಕು, ಒಳಗಿನ ಕೆಟ್ಟ ರಸ ಬೇಕಿಲ್ಲ ಎಂಬುದು ಅವನ ವಾದ. ಮಡಿಕೆಗಳನ್ನೇ ಹಿಡಿಯುವ ತುರಿಕೆಯ ಚಿತ್ರವನ್ನೂ ಅವನು ಬರೆದಿಟ್ಟ. ಆದರೂ ಭಯ ಸಾಯಲಿಲ್ಲ. 20ನೇ ಶತಮಾನದ ಆರಂಭದಲ್ಲಿ ಇಸುಬಿನ ಕೂಸುಗಳು ಆಸ್ಪತ್ರೆಗೆ ಸೇರಿದ ಕೆಲವೇ ದಿನಗಳಲ್ಲಿ ಸಾಯುವುದನ್ನು ಕಂಡ ಜರ್ಮನ್ ಮಕ್ಕಳ ವೈದ್ಯರು ಅದಕ್ಕೆ ‘ಇಸುಬಿನ ಸಾವು’ ಎಂದೇ ಹೆಸರಿಟ್ಟರು. ಒಡೆದ ಚರ್ಮಕ್ಕೆ ವಾರ್ಡಿನ ಸೋಂಕು ಹತ್ತಿ ಆಗುತ್ತಿದ್ದ ಸಾವುಗಳು ಅಡಗಿಸಿದ್ದರ ಫಲವೆಂದು ಕಂಡವು.

‘ದಮ್ಮಾಗುತ್ತೆ’ ಎಂಬುದರಲ್ಲಿ ಒಂದು ಎಳೆ ನಿಜವೂ ಇದೆ. 1892ರಲ್ಲಿ ಪ್ಯಾರಿಸಿನ ಅರ್ನೆಸ್ಟ್ ಬೆನ್ಯೇ ಈ ತುರಿಕೆ ಇರುವ ಮನೆಗಳಲ್ಲಿ ಉಬ್ಬಸವೂ ಮೂಗು ಸೋರುವ ಅಲರ್ಜಿಯೂ ಕಾಣುತ್ತವೆ ಎಂದು ಬರೆದ. 1923ರಲ್ಲಿ ಕೋಕ ಮತ್ತು ಕುಕ್ ಈ ಮನೆತನದ ಗುಣಕ್ಕೆ ಎಟೊಪಿ ಎಂದು ಹೆಸರಿಟ್ಟರು. 1933ರಲ್ಲಿ ವೈಸ್ ಮತ್ತು ಸುಲ್ಜ್‌ಬರ್ಗರ್ ಎಟೊಪಿಕ್ ಡರ್ಮಟೈಟಿಸ್ ಎಂಬ ಈಗಿನ ಹೆಸರು ಕೊಟ್ಟರು. ಇಸುಬಿನ ಕೆಲವು ಮಕ್ಕಳಿಗೆ ಮುಂದೆ ಉಬ್ಬಸ ಬರುವುದು ಹೌದು. ಬರುವುದು ಎರಡರ ಬೇರೂ ಹತ್ತಿರವಿರುವುದರಿಂದ, ಮುಲಾಮು ಹಚ್ಚಿದ್ದರಿಂದಲ್ಲ.

ಸಿಡುಬಿನ ಲಸಿಕೆಯ ಕಾಲದಲ್ಲಿ ಇಸುಬು ಇನ್ನೊಂದು ಕಾರಣಕ್ಕೆ ವೈದ್ಯರ ನಿದ್ದೆಗೆಡಿಸಿತ್ತು. ಲಸಿಕೆಯ ಜೀವಂತ ವೈರಾಣು ಇಸುಬಿನ ಚರ್ಮದ ಮೇಲೆ ಹಬ್ಬಿ ಮೈತುಂಬ ಗುಳ್ಳೆ ಎಬ್ಬಿಸಿ ಕೊಲ್ಲಬಲ್ಲದಾಗಿತ್ತು; ಲಸಿಕೆ ಹಾಕಿಸಿಕೊಂಡ ಅಣ್ಣನೋ ಅಕ್ಕನೋ ಪಕ್ಕದಲ್ಲಿ ಮಲಗಿದ್ದರೂ ಸಾಕಿತ್ತು. ಆದ್ದರಿಂದ ಇಂಥ ಮಕ್ಕಳಿಗೆ ಲಸಿಕೆ ತಡೆಹಿಡಿಯುವುದು ವಾಡಿಕೆಯಾಯಿತು. ಭಾರತದ ಕೊನೆಯ ಸಿಡುಬು 1975ರಲ್ಲಿ ಕಂಡಿತು, 1980ರಲ್ಲಿ ಲೋಕವೇ ಮುಕ್ತವೆಂದು ಘೋಷಣೆಯಾಯಿತು. ಈಗಿನ ಮಕ್ಕಳ ಲಸಿಕಾ ಪಟ್ಟಿಯಲ್ಲಿ ಅದಿಲ್ಲ. ಆದರೂ ‘ಮೈಯಲ್ಲಿ ಇಸುಬಿದೆ, ಸೂಜಿ ಬೇಡ’ ಎನ್ನುವವರು ಉಳಿದಿದ್ದಾರೆ.

1952ರಲ್ಲಿ ಸುಲ್ಜ್‌ಬರ್ಗರ್ ಮತ್ತು ವಿಟನ್ ಹೈಡ್ರೊಕಾರ್ಟಿಸೋನ್ ಮುಲಾಮು ಹಚ್ಚಿ ಇಸುಬು ತಗ್ಗಿದ್ದನ್ನು ವರದಿ ಮಾಡಿದರು. ಅದಕ್ಕೂ ಮುಂಚೆ ಇದ್ದವು ಸತುವಿನ ಲೇಪ, ಟಾರು, ಕ್ಯಾಲಮಿನ್, ತುರಿಸಿಕೊಳ್ಳದಂತೆ ಕೂಸಿನ ಕೈಗಳಿಗೆ ಕಟ್ಟುವ ದಬ್ಬೆ. ಒಂದು ವಾರದಲ್ಲಿ ಚರ್ಮ ನಯವಾಗುವ ಸೋಜಿಗ ಎಲ್ಲವನ್ನೂ ಹಿಂದಕ್ಕೆ ಹಾಕಿತು. 1960, 70ರ ದಶಕಗಳಲ್ಲಿ ಬೀಟಾಮೆಥಸೋನ್, ಕ್ಲೊಬೆಟಸಾಲ್‌ಗಳು ಬಂದು ಸ್ಟೆರಾಯಿಡ್ ಮುಲಾಮಿನ ಬಲ ನೂರಾರು ಪಟ್ಟು ಏರಿತು. ಭಾರತದಲ್ಲಿ ಇವನ್ನು ಶಿಲೀಂಧ್ರದ ಔಷಧಿ, ಆಂಟಿಬಯೋಟಿಕ್‌ಗಳೊಂದಿಗೆ ಬೆರೆಸಿದ ಟ್ಯೂಬುಗಳು ಚೀಟಿಯಿಲ್ಲದೆ ಅಂಗಡಿಯಲ್ಲಿ ದೊರೆತವು. ‘ಕಜ್ಜಿಗೆ ಒಂದು ಟ್ಯೂಬ್ ಕೊಡಿ’ ಎಂದರೆ ಸಾಕು. ಬಲವಾದ ಮುಲಾಮನ್ನು ಕೂಸಿಗೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಔಷಧಿ ರಕ್ತಕ್ಕೆ ಸೇರಿ ಮುಖ ಊದುತ್ತದೆ, ಬೆಳವಣಿಗೆ ಕುಗ್ಗುತ್ತದೆ. ಚರ್ಮವೈದ್ಯರ ಸಂಘ ವರ್ಷಗಳ ಕಾಲ ಒತ್ತಾಯಿಸಿದ ಮೇಲೆ 2016ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೆರಾಯಿಡ್ ಮುಲಾಮುಗಳನ್ನು ಚೀಟಿ ಕಡ್ಡಾಯದ ಷೆಡ್ಯೂಲ್ ಎಚ್‌ಗೆ ಸೇರಿಸಿತು. ಕಾಗದದ ಮೇಲಿನ ಕಟ್ಟಳೆ ಪೇಟೆಯ ಕೌಂಟರಿನವರೆಗೆ ಪೂರ್ತಿ ತಲುಪಿಲ್ಲ.

ಇಲ್ಲಿ ಹಳೆಯ ಪ್ರಶ್ನೆ ತಿರುಗಿ ನಿಲ್ಲುತ್ತದೆ. ಒಬ್ಬ ತಾಯಿ ಅಡಗಿಸಲು ಹೆದರಿ ಮಗುವನ್ನು ರಾತ್ರಿಯಿಡೀ ತುರಿಸಿಕೊಳ್ಳಲು ಬಿಡುತ್ತಾಳೆ. ಇನ್ನೊಬ್ಬಳು ಬಲವಾದ ಟ್ಯೂಬನ್ನು ಪೌಡರಿನಂತೆ ಬಳಿಯುತ್ತಾಳೆ. ಇಬ್ಬರಿಗೂ ಯಾರೂ ತೋರಿಸಿಕೊಡದೇ ಹೋದದ್ದು ಒಂದೇ: ಎಷ್ಟು ಹಚ್ಚಬೇಕು, ಎಷ್ಟು ದಿನ ಹಚ್ಚಬೇಕು. ಅಳತೆಯೂ ಕಷ್ಟದ್ದಲ್ಲ. ಟ್ಯೂಬಿನಿಂದ ದೊಡ್ಡವರ ತೋರುಬೆರಳಿನ ತುದಿಗೆರೆಯಿಂದ ತುದಿಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಬೆರಳುಗಳೂ ಸೇರಿ ದೊಡ್ಡವರ ಎರಡು ಅಂಗೈಯಗಲಕ್ಕೆ ಸಾಕು. ಲಾಂಗ್ ಮತ್ತು ಫಿನ್ಲೆ 1991ರಲ್ಲಿ ಪ್ರಕಟಿಸಿದ ಅಳತೆ ಇದು. ಮೂರರಿಂದ ಆರು ತಿಂಗಳ ಕೂಸಿನ ಒಂದು ಇಡೀ ತೋಳಿಗೆ ಒಂದು ಬೆರಳತುದಿ, ಒಂದು ಕಾಲಿಗೆ ಒಂದೂವರೆ. ದಿನಗಳ ಲೆಕ್ಕಕ್ಕೆ 2002ರ ನಾಟಿಂಗ್‌ಹ್ಯಾಂ ಪ್ರಯೋಗ ನೆರವಾಯಿತು: ಸೌಮ್ಯ ಹಾಗೂ ಮಧ್ಯಮ ಇಸುಬಿನ ಮಕ್ಕಳಲ್ಲಿ ಬಲವಾದ ಮುಲಾಮನ್ನು ಮೂರು ದಿನ ಹಚ್ಚಿ ಬಿಡುವುದಕ್ಕೂ ಸೌಮ್ಯವಾದದ್ದನ್ನು ಏಳು ದಿನ ಹಚ್ಚುವುದಕ್ಕೂ ಗುಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೂಸಿಗೆ ಸಾಮಾನ್ಯವಾಗಿ ಬರೆದುಕೊಡುವುದು ಒಂದು ಶೇಕಡಾ ಹೈಡ್ರೊಕಾರ್ಟಿಸೋನ್. ಚರ್ಮ ನುಣುಪಾಗುವವರೆಗೆ ಹಚ್ಚಿ ನಿಲ್ಲಿಸುವುದು ಕ್ರಮ. ಮೇಲೆ ಮೇಲೆ ಕೆರಳುವ ಜಾಗಕ್ಕೆ ಆಮೇಲೂ ವಾರಕ್ಕೆರಡು ದಿನ ಹಚ್ಚುವ ಪದ್ಧತಿ ಈ ಶತಮಾನದಲ್ಲಿ ನೆಲೆಗೊಂಡಿತು.

ಒದ್ದೆ ಬಟ್ಟೆಯ ಪಟ್ಟಿಯನ್ನು 1991ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯ ವೈದ್ಯರು ಪ್ರಚಾರಕ್ಕೆ ತಂದರು: ಮುಲಾಮಿನ ಮೇಲೆ ಒಂದು ಪದರ ಒದ್ದೆ ಹತ್ತಿಬಟ್ಟೆ, ಅದರ ಮೇಲೆ ಒಂದು ಪದರ ಒಣಬಟ್ಟೆ. ನೇಕಾರರ ಸೀಮೆಯಲ್ಲಿ ತೊಳೆದು ತೊಳೆದು ಮೆತ್ತಗಾದ ಹಳೆಯ ಪಂಚೆಗೆ ಬರವಿಲ್ಲ. ಮುಲಾಮಿನ ಔಷಧಿ ಒದ್ದೆಯಡಿ ಹೆಚ್ಚು ಇಳಿಯುವುದರಿಂದ ವೈದ್ಯರು ಹೇಳದೆ ಕಟ್ಟಕೂಡದು.

ಧರ್ಮಪುರಿ ಸೀಮೆಯಲ್ಲಿ ನೀರಿನ ಮಾತು ಬಾರದೆ ಯಾವ ರೋಗದ ಚರ್ಚೆಯೂ ಮುಗಿಯುವುದಿಲ್ಲ. ಇಲ್ಲಿನ ಕೊಳವೆಬಾವಿಯ ನೀರು ಗಡಸು, ಜೊತೆಗೆ ಫ್ಲೋರೈಡು ಹೆಚ್ಚು. 2008ರಲ್ಲಿ ಕರ್ನಾಟಕದಲ್ಲಿ ಗದ್ದಲ ಎಬ್ಬಿಸಿದ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಈ ಫ್ಲೋರೈಡಿನ ಕಾಟಕ್ಕೆಂದೇ ರೂಪುಗೊಂಡಿತು; 2013ರಲ್ಲಿ ಚಾಲನೆ ಪಡೆಯಿತು. ಫ್ಲೋರೈಡು ಹಲ್ಲು ಮೂಳೆಗಳ ಶತ್ರು, ಇಸುಬಿಗೆ ಅದರ ನಂಟಿಲ್ಲ. ಗಡಸು ನೀರಿನ ಕಥೆ ಬೇರೆ. 1998ರಲ್ಲಿ ನಾಟಿಂಗ್‌ಹ್ಯಾಂ ಕಡೆಯ ಅಧ್ಯಯನವೊಂದು ನೀರು ಗಡಸಾದಷ್ಟೂ ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಇಸುಬು ಹೆಚ್ಚು ಎಂದು ಕಂಡಿತು. ಆದರೆ 336 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮನೆಗೆ ನೀರು ಮೆದುವಾಗಿಸುವ ಯಂತ್ರ ಹಾಕಿಸಿದರೂ ರೋಗ ತಗ್ಗಲಿಲ್ಲ. ಯಂತ್ರಕ್ಕೆ ಸಾಲ ಮಾಡಬೇಕಿಲ್ಲ. ಸೋಪು ಕಡಿಮೆ ಮಾಡಿ, ಉಗುರುಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷದೊಳಗೆ ಸ್ನಾನ ಮುಗಿಸಿ, ಬಟ್ಟೆಯಿಂದ ಒತ್ತಿ ಒರೆಸಿ, ಮೈ ಆರುವ ಮೊದಲೇ ಜಿಡ್ಡು ಹಚ್ಚುವುದು ಹೆಚ್ಚು ಫಲ ಕೊಡುತ್ತದೆ. ಯಾವ ಜಿಡ್ಡು? ಲೋಷನ್, ಕ್ರೀಂ, ಜೆಲ್, ಮುಲಾಮುಗಳನ್ನು ಹೋಲಿಸಿ 2022ರಲ್ಲಿ ಪ್ರಕಟವಾದ ಬ್ರಿಟಿಷ್ ಪ್ರಯೋಗದಲ್ಲಿ ಒಂದು ಇನ್ನೊಂದಕ್ಕಿಂತ ಮೇಲೆನಿಸಲಿಲ್ಲ. ನಮ್ಮ ಕೊಬ್ಬರಿ ಎಣ್ಣೆಗೂ ಮಾನ ಸಿಕ್ಕಿದೆ: ಫಿಲಿಪ್ಪೀನ್ಸಿನಲ್ಲಿ 117 ಮಕ್ಕಳ ಮೇಲೆ ನಡೆದು 2014ರಲ್ಲಿ ಬಂದ ಪ್ರಯೋಗದಲ್ಲಿ ಕಾಯಿಸದೆ ತೆಗೆದ ಶುದ್ಧ ಕೊಬ್ಬರಿ ಎಣ್ಣೆ ಖನಿಜ ಎಣ್ಣೆಗಿಂತ ಚೆನ್ನಾಗಿ ಕೆಲಸ ಮಾಡಿತು. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಇಂಥ ಚರ್ಮಕ್ಕೆ ಆಗಿಬರುವುದಿಲ್ಲ.

ಜಿಡ್ಡಿಗೆ ಇಷ್ಟು ಮಹತ್ವ ಏಕೆಂಬುದು 2006ರಲ್ಲಿ ತಿಳಿಯಿತು. ಡಂಡೀಯ ಇರ್ವಿನ್ ಮೆಕ್ಲೀನ್ ಮತ್ತು ಸಂಗಡಿಗರು ಫಿಲಗ್ರಿನ್ ಎಂಬ ಚರ್ಮದ ಪ್ರೋಟೀನಿನ ಜೀನಿನಲ್ಲಿ ಕೊರೆ ಇರುವವರಿಗೆ ಇಸುಬು ಹೆಚ್ಚಾಗಿ ಬರುವುದನ್ನು ತೋರಿಸಿದರು. ಕೊರೆಯುಳ್ಳ ಚರ್ಮ ನೀರನ್ನು ಹಿಡಿದಿಡದು, ಹೊರಗಿನದನ್ನು ತಡೆಯದು. ಹಾಗಾದರೆ ಹುಟ್ಟಿದಂದಿನಿಂದ ಜಿಡ್ಡು ಹಚ್ಚಿದರೆ ರೋಗವೇ ಬಾರದೇ? 1394 ಕೂಸುಗಳ ಮೇಲಿನ 2020ರ ಬ್ರಿಟಿಷ್ ಪ್ರಯೋಗ ಇಲ್ಲ ಎಂದಿತು. ಜಿಡ್ಡು ಬಂದ ಇಸುಬನ್ನು ಸಂಭಾಳಿಸುತ್ತದೆ; ಬರುವುದನ್ನು ತಡೆಯುವುದು ಆ ಪ್ರಯೋಗದಲ್ಲಿ ಕಾಣಲಿಲ್ಲ.

ಪಥ್ಯದ ಕಥೆಯೂ ತಿರುವು ಕಂಡಿದೆ. ಹಾಲು, ಮೊಟ್ಟೆ ಬಿಡಿಸಿದರೆ ಕೆಲವು ಮಕ್ಕಳಿಗೆ ಗುಣ ಎಂದು 1978ರ ಲಂಡನ್ ಪ್ರಯೋಗ ಹೇಳಿದ್ದೇ ತಡ, ಎಲ್ಲರಿಗೂ ಎಲ್ಲವನ್ನೂ ಬಿಡಿಸುವ ಹುಚ್ಚು ಹಬ್ಬಿತು. 2015ರಲ್ಲಿ ಅದೇ ಲಂಡನ್ನಿನ ಗಿಡಿಯನ್ ಲ್ಯಾಕ್ ತಂಡ ತದ್ವಿರುದ್ಧವಾದದ್ದನ್ನು ತೋರಿಸಿತು: ತೀವ್ರ ಇಸುಬಿನ ಕೂಸುಗಳಿಗೆ ಮೊದಲ ವರ್ಷದಲ್ಲೇ ಕಡಲೆಕಾಯಿ ತಿನ್ನಿಸತೊಡಗಿದರೆ ಮುಂದೆ ಕಡಲೆಕಾಯಿ ಅಲರ್ಜಿ ಬಹಳ ಕಡಿಮೆಯಾಗುತ್ತದೆ. ಬಾಣಂತಿಯ ತಟ್ಟೆಯಿಂದ ಕಡಲೆಕಾಯಿಯನ್ನು ಎತ್ತಿಡಲು ಕಾರಣವಿಲ್ಲ. ತೀವ್ರ ಇಸುಬಿನ ಕೂಸಿಗೆ ಮೊದಲ ಸಲ ಕೊಡುವ ಮುನ್ನ ವೈದ್ಯರನ್ನು ಕೇಳಬೇಕು. ಇಡೀ ಬೀಜ ಗಂಟಲಿಗೆ ಸಿಕ್ಕುವುದರಿಂದ ನುಣ್ಣಗೆ ಅರೆದೇ ಕೊಡಬೇಕು.

ಸ್ಟೆರಾಯಿಡ್ ಅಲ್ಲದ ಟ್ಯಾಕ್ರೊಲಿಮಸ್ ಮುಲಾಮು 2000ದಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಡುಪಿಲುಮ್ಯಾಬ್ ಚುಚ್ಚುಮದ್ದು 2022ರಲ್ಲಿ ಆರು ತಿಂಗಳ ಕೂಸಿನವರೆಗೂ ಇಳಿದು ಬಂತು. ಚುಚ್ಚುಮದ್ದಿನ ಬೆಲೆ ಮಾತ್ರ ಇಲ್ಲಿನ ಒಕ್ಕಲು ಮನೆಗೆ ಎಟುಕುವಂತಿಲ್ಲ.

ಧರ್ಮಪುರಿಯ ಸರ್ಕಾರಿ ವೈದ್ಯಕೀಯ ಕಾಲೇಜು 2008ರಲ್ಲಿ ಶುರುವಾಯಿತು. ಸೇಲಂನದು ಅದಕ್ಕಿಂತ ಹಳೆಯದು. ವೈದ್ಯರ ಬಳಿಗೆ ಯಾವಾಗ ಹೋಗಬೇಕೆಂಬುದಕ್ಕೆ ಕೆಲವು ಗುರುತುಗಳಿವೆ. ಮನೆಮಂದಿಗೆಲ್ಲ ರಾತ್ರಿ ಹೊತ್ತು ತುರಿಕೆ ಇದ್ದರೆ, ಕೂಸಿನ ಅಂಗೈ ಅಂಗಾಲುಗಳಲ್ಲೂ ಗುಳ್ಳೆಯಿದ್ದರೆ ಅದು ಇಸುಬಲ್ಲದೆ ಹುಳದ ಕಜ್ಜಿಯಿರಬಹುದು. ಅದಕ್ಕೆ ಮನೆಯವರೆಲ್ಲ ಒಟ್ಟಿಗೆ ಔಷಧಿ ಹಚ್ಚಬೇಕು. ಜೇನುಬಣ್ಣದ ಹೆಕ್ಕಳೆ, ಕೀವು ಕಂಡರೆ ಸೋಂಕು ತಗುಲಿದೆ ಎಂದು ತಿಳಿದು ವೈದ್ಯರಿಗೆ ತೋರಿಸಬೇಕು. ಇಸುಬಿನ ಜಾಗದಲ್ಲಿ ಒತ್ತೊತ್ತಾಗಿ, ಒಂದೇ ಅಳತೆಯ, ನಡುವೆ ಗುಳಿಬಿದ್ದ ನೀರುಗುಳ್ಳೆಗಳೆದ್ದು ಜ್ವರ ಬಂದರೆ ಅದು ಹರ್ಪಿಸ್ ವೈರಾಣುವಿನ ದಾಳಿಯಿರಬಹುದು. ಅಮ್ಮ ಬಂದಿದ್ದಾಳೆಂದು ಬೇವಿನ ಸೊಪ್ಪು ಹಾಸಿ ಕಾಯದೆ, ಸ್ಟೆರಾಯಿಡ್ ಮುಲಾಮನ್ನೂ ಹಚ್ಚದೆ, ಮಗುವನ್ನು ಅದೇ ದಿನ ಆಸ್ಪತ್ರೆಗೆ ಒಯ್ಯಿರಿ.